ಕುದುರೆಮುಖದ ದಾರಿಗೊಂದು ಬಸಿಗಾಲುವೆ

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಹಾಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಪೋರ್ಟಲ್ ಬಂತು, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಅಂತ ಮಿತಿಯೂ ಬಂತು. ಒಳ್ಳೆಯದೇ ಆಯಿತು, ಇದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅಲ್ಲಿಗೇ ಮಾತು ನಿಂತುಹೋದದ್ದರ ಬಗ್ಗೆ. ಎಷ್ಟು ಜನ ಹೋಗಬೇಕು ಎಂದು ಲೆಕ್ಕ ಹಾಕಿದೆವು. ಆ ಜನ ಯಾವುದರ ಮೇಲೆ ನಡೆಯುತ್ತಾರೆ ಎಂದು ಬಗ್ಗಿ ನೋಡಿದವರು ಕಡಿಮೆ.

ಕುದುರೆಮುಖವನ್ನೇ ತೆಗೆದುಕೊಳ್ಳಿ. ಬುಡದ ಮುಳ್ಳೋಡಿ ಎಂಬ ಊರಿಂದ ಹೊರಟು, ಹಳ್ಳಗಳನ್ನು ದಾಟಿ, ಒಂಟಿಮರ ಕಳೆದ ಮೇಲೆ ಬೋಳುಗುಡ್ಡದ ಏರು ಶುರುವಾಗುತ್ತದೆ. 1894 ಮೀಟರ್ ಎತ್ತರದ ಆ ನೆತ್ತಿಯ ಫೋಟೊ ಎಲ್ಲರ ಗೋಡೆಯ ಮೇಲೂ ಇದೆ. ಕಾಲ ಬುಡದ ಫೋಟೊ ಯಾರೂ ಹಾಕುವುದಿಲ್ಲ. ಹಾಕಿದರೆ ಕಾಣುವುದು ಕೊರಕಲು. ಕೆಲವು ಕಡೆ ಮೊಣಕಾಲುದ್ದ ಕುಳಿಬಿದ್ದ ದಾರಿ, ಅದರ ಪಕ್ಕದಲ್ಲಿ ಹುಲ್ಲು ತುಳಿದು ಮಾಡಿದ ಎರಡನೇ ದಾರಿ, ಅದೂ ಕೊಚ್ಚಿಹೋದಲ್ಲಿ ಮೂರನೆಯದು. ದೂರದಿಂದ ನೋಡಿದರೆ ಹಸಿರು ಗುಡ್ಡಕ್ಕೆ ಯಾರೋ ಉಗುರಲ್ಲಿ ಗೀರಿದಂತೆ.

ಇದನ್ನು ‘ಚಾರಣಿಗರ ಅಶಿಸ್ತು’ ಎಂದು ಬರೆದು ಮುಗಿಸುವುದು ಸುಲಭ. ಅಶಿಸ್ತು ಇದೆ, ಇಲ್ಲವೆನ್ನುವುದಿಲ್ಲ. ರೀಲ್ಸ್‌ಗಾಗಿ ದಾರಿ ಬಿಟ್ಟು ಅಂಚಿಗೆ ಓಡುವವರನ್ನು ನಾನೂ ಕಂಡಿದ್ದೇನೆ. ಆದರೆ ಗುಡ್ಡ ಕೊರೆಯುವ ಕೆಲಸ ಮುಖ್ಯವಾಗಿ ನೀರಿನದು. ಕಾಲು ಮಾಡುವುದು ಪೀಠಿಕೆ ಮಾತ್ರ. ಮೊದಲು ಹುಲ್ಲು ಸಾಯುತ್ತದೆ, ಬೇರು ಹಿಡಿದಿದ್ದ ಮಣ್ಣು ಬಯಲಾಗುತ್ತದೆ. ತುಳಿತಕ್ಕೆ ಆ ಮಣ್ಣು ಗಟ್ಟಿಯಾಗಿ ಮಳೆನೀರು ಇಂಗುವುದು ನಿಲ್ಲುತ್ತದೆ. ಇಂಗದ ನೀರು ಹರಿಯಬೇಕಲ್ಲ, ದಾರಿಯ ಗುಂಟವೇ ಹರಿಯುತ್ತದೆ. ಹರಿದಷ್ಟೂ ದಾರಿ ತಗ್ಗಾಗುತ್ತದೆ, ತಗ್ಗಾದಷ್ಟೂ ಅಕ್ಕಪಕ್ಕದ ನೀರನ್ನೂ ಕರೆದುಕೊಳ್ಳುತ್ತದೆ. ಎರಡು ಮಳೆಗಾಲ ಹೀಗೇ ಆದರೆ ಅದನ್ನು ದಾರಿ ಅನ್ನುವಂತಿಲ್ಲ, ಮನುಷ್ಯರು ನಡೆಯುವ ಹಳ್ಳ ಅನ್ನಬೇಕು. ಉರುಳುಗಲ್ಲು, ಕೆಸರು ತುಂಬಿದ ಹಳ್ಳದಲ್ಲಿ ಯಾರು ತಾನೇ ನಡೆದಾರು? ಪಕ್ಕದ ಹುಲ್ಲಿಗೆ ಹತ್ತುತ್ತಾರೆ. ಕಥೆ ಮತ್ತೆ ಮೊದಲಿಂದ.

ಈ ಜಾಡುಗಳನ್ನು ಯಾರೂ ಚಾರಣಕ್ಕೆಂದು ಕಟ್ಟಿದ್ದಲ್ಲ ಎಂಬುದನ್ನೂ ಮರೆಯಬಾರದು. ದನ ಅಟ್ಟಿಕೊಂಡು ಹೋಗುವವರು, ಊರಿಂದೂರಿಗೆ ನಡೆಯುವವರು ಸವೆಸಿದ ಕಾಲುದಾರಿಗಳಿವು. ಹಗಲಿಗೆ ಹತ್ತಿಪ್ಪತ್ತು ಜನ ಓಡಾಡಿದರೆ ಹುಲ್ಲು ಚಿಗುರಿ ಗಾಯ ತಾನೇ ಮಾಯುತ್ತಿತ್ತು. ಈಗ 300 ಜನ ಹೋಗಿ, ಅದೇ ದಾರಿಯಲ್ಲಿ 300 ಜನ ಬರುತ್ತಾರೆ. ನೇರ ಏರುವ ಕಡೆಯಂತೂ ನೀರಿಗೂ ಅದೇ ನೇರ ಇಳಿಜಾರು.

ಇನ್ನು ನಮ್ಮ ಋತುಮಾನದ ವಿಚಿತ್ರ ನೋಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಕುದುರೆಮುಖದ ಚಾರಣ ಮುಚ್ಚಿರುತ್ತದೆ. ಅದು ಸರಿಯಾದ ಕ್ರಮವೇ. ಒಣಹುಲ್ಲಿನ ಗುಡ್ಡಕ್ಕೆ ಒಂದು ಬೀಡಿ ತುಂಡು ಸಾಕು. ಆದರೆ ಬಾಗಿಲು ತೆರೆಯುವುದು ಮಳೆ ಶುರುವಾದ ಮೇಲೆ. ಮಳೆ ತೀರಾ ಜೋರಾದಾಗ ನಿಲ್ಲಿಸುವುದೂ ಉಂಟು, ಆದರೂ ಒಟ್ಟಾರೆ ನೆಲ ಅತ್ಯಂತ ಮೆದುವಾಗಿರುವ ತಿಂಗಳುಗಳಲ್ಲೇ ಕಾಲುಗಳ ಸಂಖ್ಯೆ ಅತಿ ಹೆಚ್ಚು. ‘ಮಾನ್ಸೂನ್ ಟ್ರೆಕ್’ ಎಂಬ ಹೆಸರಿನಲ್ಲಿ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಟಿಟಿಗಳನ್ನು ಎಣಿಸಿದರೆ ತಿಳಿಯುತ್ತದೆ. ಹಸಿರು, ಮಂಜು, ಇಂಬಳ (ಜಿಗಣೆ), ಎಲ್ಲ ಸೇರಿ ಪ್ಯಾಕೇಜು.

ಪೆರುವಿನಲ್ಲಿ ಮಾಚು ಪಿಚುಗೆ ಹೋಗುವ ಇಂಕಾ ದಾರಿಯಿದೆಯಲ್ಲ, ಅದನ್ನು ಪ್ರತಿವರ್ಷ ಫೆಬ್ರುವರಿಯಲ್ಲಿ ಇಡೀ ತಿಂಗಳು ಮುಚ್ಚುತ್ತಾರೆ. ಅದು ಅಲ್ಲಿನ ಮಳೆಗಾಲ. ದಾರಿಯ ದುರಸ್ತಿಗೂ ಅದೇ ತಿಂಗಳು. ಉಳಿದ ದಿನಗಳಲ್ಲಿ ದಿನಕ್ಕೆ 500 ಜನರ ಮಿತಿ. ಆ 500ರಲ್ಲಿ ಹೊರೆ ಹೊರುವವರು, ಅಡುಗೆಯವರು, ಗೈಡುಗಳು ಎಲ್ಲರೂ ಸೇರಿರುತ್ತಾರೆ. ಜನರ ಲೆಕ್ಕ, ದಾರಿಯ ಲೆಕ್ಕ ಎರಡೂ ಒಂದೇ ಪುಸ್ತಕದಲ್ಲಿ. ನಮ್ಮಲ್ಲಿ ಮೊದಲ ಲೆಕ್ಕ ಮಾತ್ರ ಬರೆದಿದ್ದೇವೆ.

ಹಾಗಾದರೆ ದಾರಿ ಕಟ್ಟುವುದು ಹೇಗೆ? ಜೆಸಿಬಿ, ಸಿಮೆಂಟು ಎಂದು ಹೆದರಬೇಡಿ. ದಾರಿ ಕಟ್ಟುವುದನ್ನೇ ಕಸುಬಾಗಿ ಮಾಡಿಕೊಂಡವರ ಸೂತ್ರಗಳು ಬಹಳ ಸರಳ. ಗುಡ್ಡವನ್ನು ನೇರ ಹತ್ತಬೇಡಿ, ಓರೆಯಾಗಿ ಸುತ್ತಿಕೊಂಡು ಹತ್ತಿ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧ ದಾಟಬಾರದು. ದಾಟಿದರೆ ನೀರು ದಾರಿಗೆ ಅಡ್ಡಲಾಗಿ ಹೋಗುವ ಬದಲು ದಾರಿಯನ್ನೇ ಹಿಡಿಯುತ್ತದೆ. ಸರಾಸರಿ ಏರು ಶೇ 10ರಷ್ಟಿದ್ದರೆ, ಅಂದರೆ ನೂರಡಿ ಮುಂದೆ ಹೋಗುವಾಗ ಹತ್ತಡಿ ಮೇಲೇರಿದರೆ, ಬಹುತೇಕ ಮಣ್ಣು ತಾಳುತ್ತದೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು, ಬಿದ್ದ ನೀರು ಹಾಳೆಯಾಗಿ ಅಡ್ಡಹರಿದು ಕೆಳಗಿನ ಹುಲ್ಲಿಗೆ ಹೋಗಲಿ ಅಂತ. ಎಷ್ಟೇ ಓರೆ ಮಾಡಿದರೂ ಕಾಲ ತುಳಿತಕ್ಕೆ ನಡುವೆ ತಗ್ಗು ಬಿದ್ದೇ ಬೀಳುತ್ತದೆ, ಆದ್ದರಿಂದ ಅಲ್ಲಲ್ಲಿ ದಾರಿಯನ್ನೇ ಒಂದಿಷ್ಟು ಇಳಿಸಿ ಮತ್ತೆ ಏರಿಸಬೇಕು. ಆ ಇಳಿವಿನಲ್ಲಿ ನೀರು ದಾರಿ ಬಿಟ್ಟು ಹೊರಬೀಳುತ್ತದೆ. ನಡೆಯುವವನಿಗೆ ಗೊತ್ತೇ ಆಗುವುದಿಲ್ಲ. ಓರೆ ತಿರುಗಿಸಲು ಜಾಗವೇ ಇಲ್ಲದ ಕಡಿದಾದ ತಾಣಗಳಲ್ಲಿ ಮಾತ್ರ ಕಲ್ಲು ಹಾಸಬೇಕು, ಅದೂ ಅಲ್ಲಿನದೇ ಕಲ್ಲು, ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿನಲ್ಲಿ ಹೂತು, ಒಂದಕ್ಕೊಂದು ಕಚ್ಚಿಸಿ.

ಹೊಸ ದಾರಿ ತೆಗೆದರೆ ಸಾಲದು, ಹಳೆಯದನ್ನು ಮುಚ್ಚಬೇಕು. ಇದು ಎಲ್ಲರೂ ಮರೆಯುವ ಅರ್ಧ ಕೆಲಸ. ಕೊರಕಲಿಗೆ ಅಡ್ಡಲಾಗಿ ಕಲ್ಲುಕಟ್ಟು ಹಾಕಿದರೆ ಹರಿದು ಬರುವ ಮಣ್ಣು ಅಲ್ಲೇ ನಿಲ್ಲುತ್ತದೆ, ನಿಂತ ಮಣ್ಣಿನಲ್ಲಿ ಹುಲ್ಲು ಹಿಡಿಯುತ್ತದೆ. ಅದೇ ಗುಡ್ಡದ ಹುಲ್ಲಾಗಬೇಕು. ಎಲ್ಲಿಂದಲೋ ತಂದ ಬೀಜ ಎರಚಿದರೆ ಮುಂದೆ ಅದೇ ಕಳೆಯಾಗಿ ಕಾಡುತ್ತದೆ. ಹಳೆಯ ಜಾಡು ಕಣ್ಣಿಗೆ ಬೀಳುವಂತೆ ಬಿಟ್ಟರೆ ‘ಶಾರ್ಟ್‌ಕಟ್’ ಎನ್ನುತ್ತಾ ಅಲ್ಲೇ ಇಳಿಯುತ್ತಾರೆ. ಬೋರ್ಡು ಹಾಕಿ ಉಪಯೋಗವಿಲ್ಲ. ಜಾಡೇ ಕಾಣಬಾರದು.

ಇದನ್ನೆಲ್ಲ ಓದುವ ನಮ್ಮ ಕಡೆಯ ಹಿರಿಯರಿಗೆ ನಗು ಬರಬಹುದು. ಇದರಲ್ಲಿ ಹೊಸತೇನಿದೆ? ಕಳಸ, ಸಂಸೆ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಅಡಕೆ ತೋಟ ಮಾಡಿದ ಪ್ರತಿಯೊಬ್ಬರಿಗೂ ತೋಟದ ನೀರು ಹೊರಹಾಕುವ ಬಸಿಗಾಲುವೆಯ ಓಟ, ಅಂದರೆ ಇಳಿಜಾರು, ಎಷ್ಟಿರಬೇಕು ಎಂಬುದು ಗೊತ್ತು. ತೀರಾ ಓಟ ಕೊಟ್ಟರೆ ಕೊರೆಯುತ್ತದೆ, ಕಡಿಮೆ ಕೊಟ್ಟರೆ ನೀರು ನಿಂತು ಬೇರು ಕೊಳೆಯುತ್ತದೆ. ಯಾವ ಧರೆಯಲ್ಲಿ ಉಜರು (ಮಳೆಗಾಲದ ಒರತೆ) ಏಳುತ್ತದೆ, ಯಾವ ಧರೆ ಜರಿಯುತ್ತದೆ ಎಂದು ನೋಡಿಯೇ ಹೇಳುವವರು ಈಗಲೂ ಇದ್ದಾರೆ. ಮಳೆ ಹಿಡಿಯುವ ಮೊದಲು ಗುದ್ದಲಿ ಹಿಡಿದು ಚರಂಡಿ ಬಿಡಿಸುವುದು ನಮ್ಮಲ್ಲಿ ಪ್ರತಿ ಮನೆಯ ಕೆಲಸ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೂ ಅಂಚಿನಲ್ಲೂ ಇಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರ ಮನೆಗಳಿವೆ, ಆ ಗುಡ್ಡದ ನೀರಿನ ಜಾಯಮಾನ ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಇಷ್ಟು ತಿಳಿವಳಿಕೆ ಸುತ್ತ ಇಟ್ಟುಕೊಂಡು ನಾವು ದಾರಿಯನ್ನು ದೇವರಿಗೆ ಬಿಟ್ಟಿದ್ದೇವೆ.

ನನ್ನ ನಿಜವಾದ ಭಯ ಬೇರೆ. ದಾರಿ ದುರಸ್ತಿ ಎಂದೊಡನೆ ಒಂದು ಟೆಂಡರು ಕರೆದು, ಕಾಂಕ್ರೀಟ್ ಮೆಟ್ಟಿಲು, ಸ್ಟೀಲ್ ಕಂಬಿ, ನಾಲ್ಕು ಗಜೀಬೊ, ‘ಐ ಲವ್’ ಬೋರ್ಡು ಹಾಕಿ ಬಿಲ್ಲು ಮಾಡುವ ಒಂದು ಸಂಪ್ರದಾಯ ನಮ್ಮಲ್ಲಿದೆ. ಗುಡ್ಡದ ಮೇಲೆ ಕಾಂಕ್ರೀಟು ಎಷ್ಟು ದಿನ ಬಾಳುತ್ತದೆ? ಅದರಡಿಯ ಮಣ್ಣು ಕೊಚ್ಚಿಹೋಗಿ ಮೆಟ್ಟಿಲು ಟೊಳ್ಳಾಗುತ್ತದೆ, ಒಡೆದ ಚೂರು ಹಳ್ಳಕ್ಕೆ ಬೀಳುತ್ತದೆ. ಅದರ ಬದಲು ಚಾಮುಂಡಿ ಬೆಟ್ಟಕ್ಕೆ ಹೋಗಿ ನೋಡಿ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಹಾಕಿಸಿದ ಸಾವಿರ ಕಲ್ಲುಮೆಟ್ಟಿಲಿನ ಮೇಲೆ ಇಂದಿಗೂ ಜನ ಹತ್ತುತ್ತಾರೆ. ಕುದುರೆಮುಖಕ್ಕೂ ಸಾವಿರ ಮೆಟ್ಟಿಲು ಹಾಕಿ ಅನ್ನುತ್ತಿಲ್ಲ, ಖಂಡಿತ ಬೇಡ. ಕಲ್ಲು ಕೂರಿಸುವ ಕೈಕೆಲಸ ನಮ್ಮ ನೆಲಕ್ಕೆ ಪರಕೀಯವಲ್ಲ ಎನ್ನುತ್ತಿದ್ದೇನೆ ಅಷ್ಟೆ.

ಆ ಕೈಕೆಲಸಕ್ಕೆ ಹೊರಗೆ ಎಂಥ ಬೆಲೆಯಿದೆ ಗೊತ್ತೇ? ನಾರ್ವೆಯ ಬೆಟ್ಟದ ದಾರಿಗಳು ಹೀಗೇ ಕೊಚ್ಚಿಹೋಗುತ್ತಿದ್ದಾಗ ಅವರು ಕರೆಸಿಕೊಂಡದ್ದು ನೇಪಾಳದ ಶೆರ್ಪಾಗಳನ್ನು. ಲೋಫೋಟೆನ್ ದ್ವೀಪಗಳ ರೈನೆಬ್ರಿಂಗೆನ್ ಎಂಬ ಬೆಟ್ಟದ ಕೆಸರು ಜಾಡಿಗೆ ಅವರು ಕೈಯಲ್ಲೇ ಕೂರಿಸಿದ ಕಲ್ಲುಮೆಟ್ಟಿಲು ಸುಮಾರು ಎರಡು ಸಾವಿರ. ಯುರೋಪಿನ ಶ್ರೀಮಂತ ದೇಶವೊಂದು ಕಲ್ಲು ಕೂರಿಸಲು ಹಿಮಾಲಯದ ಹಳ್ಳಿಯ ಕೈಗಳಿಗೆ ಹೋಯಿತು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಇನ್ನೂ ಸರಳ. ಅಲ್ಲಿ ಸ್ವಯಂಸೇವಕರು ಸಲಿಕೆ ಹಿಡಿದು ಬೆಟ್ಟ ಹತ್ತಿ, ದಾರಿಗಡ್ಡಲಾಗಿ ಹಾಕಿದ ಚರಂಡಿಗಳ ಹೂಳು ತೆಗೆದು ಬರುತ್ತಾರೆ. ನಮ್ಮ ಟ್ರೆಕ್ಕಿಂಗ್ ಗುಂಪುಗಳು ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಹೆಕ್ಕಿ ಬ್ಯಾನರ್ ಹಿಡಿದು ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು. ಬಾಟಲಿ ಹೆಕ್ಕುವುದು ಬೇಡವೆಂದಲ್ಲ, ಆದರೆ ಬಾಟಲಿಯನ್ನು ಮುಂದಿನ ವರ್ಷವೂ ಹೆಕ್ಕಬಹುದು. ಮಣ್ಣನ್ನು ಭದ್ರೆಯಿಂದ ವಾಪಸು ಹೆಕ್ಕಲಾಗದು.

ಭದ್ರೆಯ ಹೆಸರು ಬಂತು, ಹೇಳಿಬಿಡುತ್ತೇನೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲ ಇರುವುದು ಈ 600 ಚದರ ಕಿಲೋಮೀಟರಿನ ಉದ್ಯಾನದಲ್ಲೇ. ಇಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಲು ವರ್ಷಗಟ್ಟಲೆ ಹೋರಾಟ ನಡೆಯಿತು. ಗಣಿಯ ಹೂಳು ಭದ್ರೆ ಸೇರುತ್ತಿದೆ ಎಂಬುದು ಆಗ ಎದ್ದ ದೊಡ್ಡ ವಾದಗಳಲ್ಲೊಂದು. ಕಡೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಗೂ ಕಾಲುದಾರಿಗೂ ಯಾವ ಲೆಕ್ಕದಲ್ಲೂ ಸಾಟಿಯಿಲ್ಲ, ಬಲ್ಲೆ. ಆದರೆ ಆ ಮಣ್ಣಿಗಾಗಿ ಕೋರ್ಟಿನವರೆಗೆ ಹೋದ ಜನ ನಾವು, ಈಗ ಅದೇ ಮಣ್ಣು ನಮ್ಮ ಶೂಗಳಡಿಯಿಂದ ಜಾರುವಾಗ ‘ಪ್ರಕೃತಿ ಪ್ರೇಮ’ ಎಂದು ಕ್ಯಾಪ್ಷನ್ ಹಾಕುತ್ತಿದ್ದೇವೆ.

‘ಕಾಡಿನೊಳಗೆ ಯಾವ ಕಾಮಗಾರಿಯೂ ಬೇಡ, ಚಾರಣವನ್ನೇ ನಿಲ್ಲಿಸಿ’ ಎನ್ನುವ ಗೆಳೆಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಈ ಗುಡ್ಡಗಳ ಮೂಲ ಸೋಜಿಗವೇ ಹುಲ್ಲುಗಾವಲು ಮತ್ತು ಅದರ ನಡುವಿನ ಕಣಿವೆಗಳ ಶೋಲಾ ಕಾಡು; ಸಿಂಗಳೀಕಕ್ಕೆ ನಾವು ಬಂದರೆಷ್ಟು, ಬಿಟ್ಟರೆಷ್ಟು. ಒಳ್ಳೆಯ ದಾರಿ ಮಾಡಿದರೆ ಜನ ಇನ್ನೂ ನುಗ್ಗುತ್ತಾರೆ ಎಂಬ ಅಂಜಿಕೆಯೂ ಸುಳ್ಳಲ್ಲ, ಅದಕ್ಕೇ 300ರ ಮಿತಿ ದಾರಿ ಎಷ್ಟೇ ಸುಧಾರಿಸಿದರೂ ಏರಬಾರದು. ಆದರೆ ಮುಚ್ಚಿದ ಮಾತ್ರಕ್ಕೆ ಕೊರಕಲು ಗುಣವಾಗುವುದಿಲ್ಲ. ಜನ ನಿಂತರೂ ನೀರು ಅದೇ ಹಾದಿ ಹಿಡಿಯುತ್ತದೆ. ಇವತ್ತು ಪೂರ್ತಿ ಮುಚ್ಚಿದರೂ ಗುದ್ದಲಿ ಹಿಡಿದ ನಾಲ್ಕು ಜನ ಮೇಲೆ ಹೋಗಲೇಬೇಕು.

ಇನ್ನೊಂದು ಮುಜುಗರದ ಸಂಗತಿಯೂ ಇದೆ. ಉದ್ಯಾನದೊಳಗಿನ ಊರುಗಳ ಜನ ಒಂದು ಕಾಲುಸಂಕಕ್ಕೆ, ಒಂದು ರಸ್ತೆಯ ರಿಪೇರಿಗೆ ಅನುಮತಿ ಬೇಡಿ ಬೇಡಿ ಸುಸ್ತಾಗಿದ್ದಾರೆ. ಅವರ ಕಣ್ಣೆದುರೇ ವೀಕೆಂಡ್ ಅತಿಥಿಗಳಿಗೆಂದು ದಾರಿ ನುಣ್ಣಗಾದರೆ ಏನನ್ನಿಸಬೇಡ? ಆದ್ದರಿಂದ ಈ ಕೆಲಸದ ಕೂಲಿ, ತರಬೇತಿ, ಉಸ್ತುವಾರಿ ಮೊದಲು ಅವರಿಗೆ ಸಿಗಬೇಕು. ಹೊರಗಿನ ಗುತ್ತಿಗೆದಾರ ಬಂದು ಮೂರು ವಾರದಲ್ಲಿ ಮುಗಿಸಿ ಹೋಗುವ ಕೆಲಸವಲ್ಲ ಇದು. ವರ್ಷವಿಡೀ ಇರುವ ಒಂದು ಸಣ್ಣ ತಂಡ ಬೇಕು. ಬೇಸಿಗೆಯಲ್ಲಿ ಬೆಂಕಿ ಕಾಯುವವರೇ ಕಲ್ಲೂ ಕೂರಿಸಲಿ, ಮಳೆಗೆ ಮೊದಲು ಚರಂಡಿ ಬಿಡಿಸಲಿ, ಜೋರು ಮಳೆಯ ದಿನ ದಾರಿಯಲ್ಲಿ ನಡೆದು ನೀರು ಎಲ್ಲಿ ತಪ್ಪಿ ನುಗ್ಗುತ್ತಿದೆ ಎಂದು ಗುರುತು ಹಾಕಿಕೊಳ್ಳಲಿ. ಎಸಿ ಕೋಣೆಯಲ್ಲಿ ನಕ್ಷೆ ಬರೆಯುವವರಿಗೆ ಈ ಕೊನೆಯ ಕೆಲಸ ಒಮ್ಮೆ ಮಾಡಿಸಬೇಕು.

ದುಡ್ಡು? ಚಾರಣಕ್ಕೆ ನಾವು ಕಟ್ಟುವ ಶುಲ್ಕವೇ ಇದೆಯಲ್ಲ. ಯಾವ ದಾರಿಯಿಂದ ಎಷ್ಟು ಬಂತು, ಅದರಲ್ಲಿ ಎಷ್ಟು ಅದೇ ದಾರಿಗೆ ವಾಪಸು ಹೋಯಿತು ಎಂದು ಬುಕಿಂಗ್ ಮಾಡುವ ಪುಟದಲ್ಲೇ ತೋರಿಸಲಿ. ಟಿಕೆಟ್ ಎಷ್ಟು ಉಳಿದಿದೆ ಎಂದು ತೋರಿಸುವ ತಂತ್ರಾಂಶಕ್ಕೆ ಇದೇನು ಭಾರವಲ್ಲ.

ಅಲ್ಲಿಯವರೆಗೆ, ಈ ಮಳೆಗಾಲಕ್ಕೆ ಟಿಕೆಟ್ ಸಿಕ್ಕಿರುವವರಿಗೆ ಎರಡು ಮಾತು. ಕೆಸರಿದ್ದರೂ ದಾರಿಯ ನಡುವೆಯೇ ನಡೆಯಿರಿ, ಪಕ್ಕದ ಹುಲ್ಲಿಗೆ ಹತ್ತಬೇಡಿ. ಎದುರಿಂದ ಬರುವವರಿಗೆ ಜಾಗ ಬಿಡಬೇಕಾದರೆ ಕಲ್ಲಿನ ಮೇಲೆ ನಿಂತು ಬಿಡಿ. ಕಾಲು ಮೆತ್ತಿಕೊಳ್ಳಲು ಮನಸ್ಸಿಲ್ಲದವರು ಡಿಸೆಂಬರಿನಲ್ಲಿ ಬನ್ನಿ, ಆಗ ಇಂಬಳದ ಕಾಟವೂ ಅಷ್ಟಿರುವುದಿಲ್ಲ.