ಎಲೆಕ್ಟ್ರಿಕ್ ಕಾರಿಗೆ ಕ್ಯಾಮೆರಾ ಹಾಕಿಸಿ, ಆದರೆ ವೈರ್ ಕತ್ತರಿಸಲು ಬಿಡಬೇಡಿ

ನಮ್ಮ ಎದುರು ಮನೆ ಅಜ್ಜಿ ದಿನಾ ಬೆಳಗ್ಗೆ ಆರೂವರೆಗೆ ರಂಗೋಲಿ ಹಾಕುತ್ತಾರೆ. ಮೈಸೂರಿನ ಹಳೇ ಬಡಾವಣೆ, ಸಣ್ಣ ರಸ್ತೆ. ನಮ್ಮ ಗೇಟಿನಿಂದ ಕಾರು ಹಿಂದಕ್ಕೆ ತೆಗೆದರೆ ನೇರ ಅವರ ಬಾಗಿಲ ಮುಂದಕ್ಕೇ ಹೋಗುತ್ತದೆ. ಮೊದಲಿದ್ದ ಡೀಸೆಲ್ ಕಾರು ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು, ಅಜ್ಜಿ ಎದ್ದು ಪಕ್ಕಕ್ಕೆ ನಿಲ್ಲುತ್ತಿದ್ದರು. ಎಲೆಕ್ಟ್ರಿಕ್ ಕಾರು ತಂದ ಎರಡನೇ ವಾರ. ರಿವರ್ಸ್ ಹಾಕಿ ನಿಧಾನಕ್ಕೆ ತೆಗೆಯುತ್ತಿದ್ದೇನೆ, ಸೆನ್ಸರ್ ಬೀಪ್ ಬೀಪ್ ಅನ್ನುತ್ತಿದೆ, ಗೇಟಿನ ಕಂಬ ಇರಬೇಕು ಅಂದುಕೊಂಡೆ. ಆಮೇಲೆ ಯಾಕೋ ಬ್ರೇಕ್ ಒತ್ತಿ ಇಳಿದು ನೋಡಿದರೆ ಅಜ್ಜಿ ಬಗ್ಗಿ ಕೂತಿದ್ದಾರೆ. ಬಂಪರ್‌ಗೂ ಅವರ ಬೆನ್ನಿಗೂ ಒಂದು ಮೊಳ ಜಾಗ. "ಕಾರು ಬಂದದ್ದೇ ಗೊತ್ತಾಗಲಿಲ್ಲ ಕಣಮ್ಮಾ" ಅಂದರು. ನನ್ನ ಕೈಕಾಲು ನಡುಗುತ್ತಿತ್ತು.

ಸೆನ್ಸರ್‌ಗೆ ಕಂಬವೂ ಒಂದೇ, ಅಜ್ಜಿಯೂ ಒಂದೇ. ಎರಡಕ್ಕೂ ಅದೇ ಬೀಪ್. ದಿನಾ ಕಂಬಕ್ಕೆ ಬೀಪ್ ಕೇಳಿ ಕೇಳಿ ಕಿವಿ ಅದನ್ನು ಬಿಟ್ಟೇ ಬಿಡುತ್ತದೆ. ನಮ್ಮದು ಕೆಳಗಿನ ವೇರಿಯೆಂಟ್, ಕ್ಯಾಮೆರಾ ಇಲ್ಲ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಕ್ಯಾಮೆರಾ ಕಡ್ಡಾಯ ಅಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದಲೇ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಇರಲೇಬೇಕು. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲಾ ಹೊಸ ಎಲೆಕ್ಟ್ರಿಕ್ ಕಾರುಗಳೂ 20 ಕಿಲೋಮೀಟರ್ ವೇಗದವರೆಗೆ, ಜೊತೆಗೆ ರಿವರ್ಸ್‌ನಲ್ಲಿ, ಜನರಿಗೆ ಕೇಳುವ ಹಾಗೆ ಸದ್ದು ಮಾಡಬೇಕು. ಸದ್ದೇ ಇಲ್ಲದ ಕಾರಿಗೆ ಕಣ್ಣಾದರೂ ಬೇಡವಾ? ಕ್ಯಾಮೆರಾ ಮೇಲಿನ ವೇರಿಯೆಂಟ್‌ನ ಸೌಕರ್ಯ ಅಲ್ಲ, ಎಲೆಕ್ಟ್ರಿಕ್ ಕಾರಿಗೆ ಅದು ಬ್ರೇಕಿನಷ್ಟೇ ಮುಖ್ಯ ಅಂತ ನಾನು ನಂಬುತ್ತೇನೆ. ಕಂಪನಿಗಳು ಎಲ್ಲಾ ವೇರಿಯೆಂಟ್‌ಗೂ ಕೊಡುವವರೆಗೆ ನಾವೇ ಹಾಕಿಸಬೇಕು, ಅಷ್ಟೇ.

ನಾನೂ ಹಾಕಿಸಿದೆ. ಹೇಗೆ ಹಾಕಿಸಬಾರದು ಅನ್ನುವುದನ್ನು ಅಲ್ಲೇ ಕಲಿತೆ.

ಒಂದು ಆಕ್ಸೆಸರಿ ಅಂಗಡಿಗೆ ಹೋದೆ. ಸ್ಕ್ರೀನ್ ಇರುವ ಸ್ಟೀರಿಯೋ, ಹಿಂದೆ ರಿವರ್ಸ್ ಕ್ಯಾಮೆರಾ, ಮುಂದೆ ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್. ಕಾರು ನಿಂತಿದ್ದಾಗಲೂ ಯಾರಾದರೂ ಗುದ್ದಿ ಹೋದರೆ ಸಿಗಲಿ ಅಂತ ಪಾರ್ಕಿಂಗ್ ಮೋಡ್ ಕೂಡ ಹಾಕಿಕೊಡಿ ಅಂದೆ. "ಕಪ್ಲರ್ ಟು ಕಪ್ಲರ್ ತಾನೇ?" ಅಂತ ಕೇಳಿದೆ, ಅಂದರೆ ಕಾರಿನ ವೈರ್ ಕತ್ತರಿಸದೆ ಪ್ಲಗ್‌ಗೆ ಪ್ಲಗ್ ಸೇರಿಸಿ ಹಾಕುವುದು. ಹುಡುಗ "ಎಲ್ಲಾ ಕಾರಿಗೂ ಹೀಗೇ ಹಾಕೋದು ಮೇಡಂ, ಏನೂ ಆಗಲ್ಲ" ಅಂದ. ಅದು ನನ್ನ ಪ್ರಶ್ನೆಗೆ ಉತ್ತರ ಆಗಿರಲಿಲ್ಲ. ನಾನು ಅಲ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಮದುವೆಗೆ ಅಂತ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಆರು ದಿನ ಬಿಟ್ಟು ಬಂದು ರಿಮೋಟ್ ಒತ್ತಿದರೆ ಕಾರು ಸತ್ತ ಹಾಗಿದೆ. ಲೈಟಿಲ್ಲ, ಬಾಗಿಲು ತೆರೆಯಲ್ಲ. ರಿಮೋಟಿನೊಳಗಿನ ಚಿಕ್ಕ ಕೀ ತೆಗೆದು ಬಾಗಿಲು ತೆರೆದೆ. ಹೋಗುವ ಹಿಂದಿನ ರಾತ್ರಿಯಷ್ಟೇ 80 ಪರ್ಸೆಂಟ್ ಚಾರ್ಜ್ ಮಾಡಿ ನಿಲ್ಲಿಸಿದ್ದೆ! ಅಷ್ಟೂ ಚಾರ್ಜ್ ಎಲ್ಲಿ ಹೋಯಿತು ಅಂತ ನಮ್ಮ ಮನೆಯವರು ತಲೆ ಕೆಡಿಸಿಕೊಂಡರು.

ಎಲ್ಲೂ ಹೋಗಿರಲಿಲ್ಲ. ಕೆಳಗೆ ಹಾಗೇ ಇತ್ತು. ಇದನ್ನು ಎಲೆಕ್ಟ್ರಿಕ್ ಕಾರು ಇರುವವರೆಲ್ಲ ತಿಳಿದಿರಬೇಕು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಹೆಚ್ಚಿನ ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಕೆಳಗಿರುವುದು ಚಕ್ರ ತಿರುಗಿಸುವ ದೊಡ್ಡದು, ಸಾಮಾನ್ಯವಾಗಿ 300 ವೋಲ್ಟ್‌ಗಿಂತ ಜಾಸ್ತಿ. ಬಾನೆಟ್ ಕೆಳಗೆ ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ ಇನ್ನೊಂದು, 12 ವೋಲ್ಟ್‌ನ ಚಿಕ್ಕದು. ಬಾಗಿಲ ಲಾಕ್, ಲೈಟು, ಕಾರಿನ ಕಂಪ್ಯೂಟರ್ ಎಲ್ಲ ನಡೆಯುವುದು ಚಿಕ್ಕದರಿಂದ. ಕಾರು ಆಫ್ ಮಾಡಿದ ಕೂಡಲೇ ದೊಡ್ಡ ಬ್ಯಾಟರಿಯ ಸಂಪರ್ಕ ಒಳಗೇ ಕಡಿದುಹೋಗುತ್ತದೆ, ನಮ್ಮ ಸುರಕ್ಷತೆಗಾಗಿ. ಅದನ್ನು ಮತ್ತೆ ಕೂಡಿಸುವ ಸ್ವಿಚ್ಚಿಗೆ ಚಿಕ್ಕ ಬ್ಯಾಟರಿಯೇ ಕರೆಂಟ್ ಕೊಡಬೇಕು. ಚಿಕ್ಕದು ಖಾಲಿಯಾದರೆ ದೊಡ್ಡದರಲ್ಲಿ ಎಷ್ಟಿದ್ದರೂ ಕಾರು ಏಳುವುದಿಲ್ಲ. ಕೆಲವು ಕಾರುಗಳು ನಿಂತಲ್ಲೇ ಆಗಾಗ ತಾವೇ ಎದ್ದು ಚಿಕ್ಕದಕ್ಕೆ ಚಾರ್ಜ್ ಕೊಡುತ್ತವೆ. ನಮ್ಮದು ಹಾಗಲ್ಲ, ಆನ್ ಇದ್ದಾಗ ಇಲ್ಲವೇ ಚಾರ್ಜಿಗೆ ಹಾಕಿದಾಗ ಮಾತ್ರ.

ಲೆಕ್ಕ ನೋಡಿ. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡಿನಲ್ಲಿ ಸುಮಾರು 0.3 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 24 ಗಂಟೆಗೆ 7.2 ಆಂಪಿಯರ್ ಅವರ್. ನಮ್ಮ ಚಿಕ್ಕ ಬ್ಯಾಟರಿ ಒಟ್ಟು 35. ಐದು ದಿನಕ್ಕೆ ಪೂರ್ತಿ ಖಾಲಿ, ಕಾರು ಏಳದ ಸ್ಥಿತಿಗೆ ಬರುವುದು ಅದಕ್ಕೂ ಮೊದಲೇ. ಜೊತೆಗೆ ಈ ಲೆಡ್ ಆಸಿಡ್ ಬ್ಯಾಟರಿ ಒಂದೆರಡು ಸಲ ಪೂರ್ತಿ ಬಸಿದುಹೋದರೆ ಆಮೇಲೆ ಮೊದಲಿನ ಹಾಗೆ ಚಾರ್ಜ್ ಹಿಡಿಯುವುದಿಲ್ಲ.

ಇದನ್ನು ತಡೆಯಲಿಕ್ಕೆ ಅಂತಲೇ ಹಾರ್ಡ್‌ವೈರ್ ಕಿಟ್ ಇದೆ. ಬ್ಯಾಟರಿ ವೋಲ್ಟೇಜ್ ಇಂತಿಷ್ಟಕ್ಕೆ ಇಳಿದರೆ ಕ್ಯಾಮೆರಾವನ್ನು ಆಫ್ ಮಾಡುವ ಸಣ್ಣ ಡಬ್ಬಿ ಅದರಲ್ಲಿರುತ್ತದೆ. ನಮ್ಮ ಕಾರಿನಲ್ಲಿ ಅದು ಇರಲೇ ಇಲ್ಲ. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಕಾರು ಎಬ್ಬಿಸಿದರು. ಆಮೇಲೆ ಕಾರಿನ ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿ ತೋರಿಸಿದರು. ಒಳಗಿನ ಲೈಟಿನ ವೈರಿನ ಸಿಪ್ಪೆ ಸುಲಿದು, ಕ್ಯಾಮೆರಾ ವೈರನ್ನು ಅದಕ್ಕೆ ತಿರುಚಿ, ಮೇಲೆ ಕರೀ ಟೇಪ್ ಸುತ್ತಿದ್ದರು. ಟೇಪಿನ ಅಂಟು ಬಿಸಿಲಿಗೆ ಕರಗಿ ನನ್ನ ಬೆರಳಿಗೆ ಹತ್ತಿತು. ಬಿಡಿಸಿದರೆ ತಾಮ್ರದ ಎಳೆಗಳಲ್ಲಿ ಅರ್ಧ ತುಂಡಾಗಿದ್ದವು. ಫ್ಯೂಸ್ ಇಲ್ಲ, ಏನಿಲ್ಲ. ಅಲ್ಲೇ ಶಾರ್ಟ್ ಆಗಿದ್ದರೆ? ನನಗೆ ನಿಜವಾಗಿ ಸಿಟ್ಟು ಬಂದದ್ದು ಆವಾಗ. ದುಡ್ಡು ಹೋಗಲಿ, ಮಕ್ಕಳು ಕೂರುವ ಕಾರು ಅದು.

ಅವರೇ ಎಲ್ಲವನ್ನೂ ಮತ್ತೆ ಮಾಡಿಕೊಟ್ಟರು. ತುಂಡಾದ ವೈರ್ ಬೆಸುಗೆ ಹಾಕಿ ಸರಿ ಮಾಡಿದರು. ಕಾರಿನ ವೈರ್ ಯಾವುದನ್ನೂ ಮತ್ತೆ ಸುಲಿಯಲಿಲ್ಲ, ಫ್ಯೂಸ್ ಬಾಕ್ಸಿನಲ್ಲೇ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಕೂರುವ ಸಣ್ಣ ಕವಲು) ಚುಚ್ಚಿ ಅಲ್ಲಿಂದ ಕರೆಂಟ್ ತೆಗೆದರು. ಬೇಡ ಅನಿಸಿದ ದಿನ ಕಿತ್ತರೆ ಕಾರು ಮೊದಲಿನ ಹಾಗೇ. ಹಾರ್ಡ್‌ವೈರ್ ಕಿಟ್ ಹಾಕಿ, ಕ್ಯಾಮೆರಾ ಆಫ್ ಆಗುವ ಮಿತಿಯನ್ನು 12.2 ವೋಲ್ಟ್‌ಗೆ ಇಟ್ಟರು. ಪಾರ್ಕಿಂಗ್ ಮೋಡನ್ನು ನಾನೇ ಎಂಟು ಗಂಟೆಗೆ ಮಿತಿ ಮಾಡಿದ್ದೇನೆ, ಊರಿಗೆ ಹೋಗುವಾಗ ಪೂರ್ತಿ ಆಫ್. ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಅದು ದೊಡ್ಡ ಬ್ಯಾಟರಿಯದು, ಅದರ ಹತ್ತಿರ ಯಾರನ್ನೂ ಬಿಡಬೇಡಿ ಅಂತ ಎರಡೆರಡು ಸಲ ಹೇಳಿದರು.

ರಿವರ್ಸ್ ಕ್ಯಾಮೆರಾ ಕೂಡ ಬದಲಾಯಿಸಿದೆ. ಮೊದಲಿನದು ಸಂಜೆಯಾದರೆ ಬರೀ ಮಸುಕು, ಪರದೆ ತುಂಬಾ ಅಡ್ಡಗೆರೆ. ಈಗಿನದು ಎಎಚ್‌ಡಿ, ಅಂದರೆ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುವ ಬಗೆ, 720ಪಿ. ತೆಗೆದುಕೊಳ್ಳುವ ಮೊದಲು ನಿಮ್ಮ ಸ್ಕ್ರೀನ್ ಎಎಚ್‌ಡಿ ತೆಗೆದುಕೊಳ್ಳುತ್ತದಾ ನೋಡಿ, ಇಲ್ಲದಿದ್ದರೆ ಚಿತ್ರವೇ ಬರುವುದಿಲ್ಲ. ಡಿಕ್ಕಿ ಬಾಗಿಲ ವೈರ್ ಕಾರಿನ ರಬ್ಬರ್ ಕೊಳವೆಯೊಳಗೇ ಹೋಗಬೇಕು. ಮೊದಲಿನವರು ಹೊರಗಿನಿಂದ ಎಳೆದು ಬಾಗಿಲ ಸಂದಿಯಲ್ಲಿ ಒತ್ತಿಬಿಟ್ಟಿದ್ದರು, ಮಳೆಗಾಲದಲ್ಲಿ ನೀರು ಇಳಿಯುವುದು ಹಾಗೆಯೇ. ಡ್ಯಾಶ್‌ಕ್ಯಾಮ್ ಕೊಳ್ಳುವವರು ಒಳಗೆ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ (ಬಿಸಿ ತಾಳುವ, ಚೂರು ಕರೆಂಟ್ ಹಿಡಿದಿಡುವ ಭಾಗ) ಇರುವುದನ್ನೇ ಕೇಳಿ. ರಾಯಚೂರು, ಕಲಬುರಗಿ ಕಡೆಯ ಬಿಸಿಲಲ್ಲಿ ಗಾಜಿಗೆ ಅಂಟಿಕೊಂಡಿರುವ ಕ್ಯಾಮೆರಾದ ಲಿಥಿಯಂ ಬ್ಯಾಟರಿ ಊದಿಕೊಳ್ಳುವ ಅಪಾಯ ಇದೆ. ಮೆಮೊರಿ ಕಾರ್ಡ್ ಕೂಡ ಎಂಡ್ಯೂರೆನ್ಸ್ ಅಂತ ಬರೆದಿರುವುದೇ ಇರಲಿ, ಮಾಮೂಲಿ ಕಾರ್ಡ್ ಹಗಲೂ ರಾತ್ರಿ ಅಳಿಸಿ ಬರೆಯುವುದನ್ನು ಬಹಳ ದಿನ ತಾಳುವುದಿಲ್ಲ.

ವಾರಂಟಿ ಬಗ್ಗೆ ಒಂದು ಮಾತು. ದೊಡ್ಡ ಬ್ಯಾಟರಿಗೆ ನಮ್ಮಲ್ಲಿ ಹಲವು ಕಾರುಗಳಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಅಷ್ಟು ದೊಡ್ಡ ಭರವಸೆ ಕೈಯಲ್ಲಿರುವಾಗ ಒಂದು ಕತ್ತರಿಸಿದ ವೈರಿನಿಂದ ಯಾಕೆ ತಕರಾರಿಗೆ ದಾರಿ ಮಾಡಿಕೊಡಬೇಕು? ಕೆಲಸ ಶುರು ಮಾಡುವ ಮೊದಲು ಅಂಗಡಿಯವರ ಹತ್ತಿರ ಬಿಲ್ಲಿನ ಮೇಲೆ "ಕಪ್ಲರ್ ಟು ಕಪ್ಲರ್, ವೈರ್ ಕಟ್ ಮಾಡಲ್ಲ" ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಬೇರೆ ಅಂಗಡಿ ನೋಡಿ.

360 ಡಿಗ್ರಿ ಕ್ಯಾಮೆರಾ ಹಾಕಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ಕನ್ನಡಿ ಬಿಚ್ಚಬೇಕು, ಗ್ರಿಲ್ ಬಿಚ್ಚಬೇಕು, ಕಾರಿನ ನಾಲ್ಕೂ ಕಡೆ ವೈರ್. ಸದ್ಯಕ್ಕೆ ನನಗೆ ಬೇಡ.

ನಮ್ಮ ಡ್ಯಾಶ್‌ಕ್ಯಾಮ್ ರಸ್ತೆ ಕಡೆಗೆ ಮಾತ್ರ ನೋಡುತ್ತದೆ, ಕಾರಿನ ಒಳಗಿನ ಮಾತು ರೆಕಾರ್ಡ್ ಆಗದ ಹಾಗೆ ಆಡಿಯೋ ಆಫ್ ಮಾಡಿದ್ದೇನೆ. ಏನಾದರೂ ಅಪಘಾತ ಸಿಕ್ಕಿದರೆ ಆ ಕಾರ್ಡನ್ನು ಹಾಗೇ ತೆಗೆದಿಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೋದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ವಾಟ್ಸಾಪಿನಲ್ಲಿ ಹತ್ತು ಜನರ ಕೈ ದಾಟಿ ಬಂದ ತುಣುಕು ಮಾತ್ರ ಉಳಿದಿದ್ದರೆ ಕಷ್ಟ. ಸುಮ್ನೆ ಯಾರದೋ ಮುಖ, ನಂಬರ್ ಪ್ಲೇಟ್ ಸಮೇತ ಹಾಕಿ ಬೈಸಬೇಡಿ, ಅದಕ್ಕಲ್ಲ ಕ್ಯಾಮೆರಾ ಇರೋದು.

ಈಗ ಬೆಳಗ್ಗೆ ರಿವರ್ಸ್ ಹಾಕಿದರೆ ಪರದೆಯಲ್ಲಿ ಅಜ್ಜಿಯ ರಂಗೋಲಿಯ ಚುಕ್ಕಿಗಳೂ ಕಾಣುತ್ತವೆ. ಆದರೂ ಕಿಟಕಿ ಇಳಿಸಿ "ಅಜ್ಜೀ, ಕಾರು ತೆಗೀತೀನಿ" ಅಂತ ಕೂಗಿಯೇ ತೆಗೆಯುವುದು. ನಮ್ಮ ಅಣ್ಣ ಹೋದ ತಿಂಗಳು ಎಲೆಕ್ಟ್ರಿಕ್ ಕಾರು ತೆಗೆದುಕೊಂಡ, ಅದೂ ಕೆಳಗಿನ ವೇರಿಯೆಂಟ್. ಈ ಭಾನುವಾರ ಅವನ ಕಾರಿಗೆ ಕ್ಯಾಮೆರಾ ಹಾಕಿಸಲು ಹೋಗುತ್ತಿದ್ದೇವೆ. ಈ ಸಲ ಕೆಲಸ ಮುಗಿಯುವವರೆಗೂ ನಾನು ಪಕ್ಕದಲ್ಲೇ ನಿಂತಿರುತ್ತೇನೆ.