ಸೋರಿದರೆ ನಿಮ್ಮದು, ಬಾಡಿಗೆ ಬಂದರೆ ಸರ್ಕಾರದ್ದು

ಆ ನೋಟಿಸನ್ನು ನೀವೂ ನೋಡಿರುತ್ತೀರಿ. ವಾಟ್ಸಾಪಿನಲ್ಲಿ ಇಡೀ ಹಾಸನ ಸುತ್ತಿ ಮುಗಿಸಿ ಈಗ ಸಕಲೇಶಪುರದ ಘಾಟಿ ಇಳಿಯುತ್ತಿದೆ. ಊರಾಚೆ ಬಡವರಿಗೆಂದು ಕಟ್ಟಿಸಿದ ಮೂರು ಮಹಡಿಯ ಮನೆಗಳ ಮೆಟ್ಟಿಲ ಗೋಡೆಗೆ ಅಂಟಿಸಿದ್ದು. ತಲೆಬರಹ ‘ನಿವಾಸಿಗಳ ಜವಾಬ್ದಾರಿಗಳು’. ಟೈಪಿಂಗ್ ಚೆನ್ನಾಗಿದೆ. ಸೀಲು ಕೂಡ ನೆಟ್ಟಗೆ ಬಿದ್ದಿದೆ. ಅಂಟು ಎಷ್ಟು ಗಟ್ಟಿ ಅಂದರೆ, ಹಿಂದಿನ ಪ್ಲಾಸ್ಟರ್ ಉದುರದ ಹಾಗೆ ಆ ಕಾಗದವೇ ಹಿಡಿದುಕೊಂಡಿದೆ. ಕಟ್ಟಡಕ್ಕೆ ಇಲ್ಲಿಯವರೆಗೆ ಆಗಿರುವ ದುರಸ್ತಿ ಅದೊಂದೇ.

ನಿಯಮಗಳು ಇಷ್ಟೊತ್ತಿಗೆ ಬಾಯಿಪಾಠ ಆಗಿರಬೇಕು. ಕೋಳಿ, ಕುರಿ ಸಾಕುವಂತಿಲ್ಲ. ತಾರಸಿ ಮೇಲೆ ಒಲೆ ಹೂಡುವಂತಿಲ್ಲ. ಹೊರಗಿನವರನ್ನು ಇರಿಸಿಕೊಳ್ಳುವಂತಿಲ್ಲ. ದುರಸ್ತಿ ಸಣ್ಣದಿರಲಿ ದೊಡ್ಡದಿರಲಿ, ನಿವಾಸಿಗಳದ್ದೇ ಹೊಣೆ. ಬಾಡಿಗೆಗೋ ಭೋಗ್ಯಕ್ಕೋ ಕೊಟ್ಟಿದ್ದು ಕಂಡುಬಂದಲ್ಲಿ ಹಂಚಿಕೆ ರದ್ದು. ಮತ್ತೆ, ನೀರನ್ನು ಮಿತವಾಗಿ ಬಳಸತಕ್ಕದ್ದು.

ಈ ಕೊನೆಯದನ್ನು ಬರೆದವರ ಕೈಗೆ ಕಡಗ ತೊಡಿಸಬೇಕು. ಇಷ್ಟು ಶಿಸ್ತಾಗಿ ಪಾಲನೆ ಆಗುತ್ತಿರುವ ಸರ್ಕಾರಿ ನಿಯಮ ಜಿಲ್ಲೆಯಲ್ಲೇ ಇನ್ನೊಂದಿಲ್ಲ. ನಲ್ಲಿಯಲ್ಲಿ ನೀರೇ ಬರಲ್ಲ. ಗೊರೂರಿನಲ್ಲಿ ಹೇಮಾವತಿ ತುಂಬಿದರೆ ದೊಡ್ಡವರು ಬಂದು ಬಾಗಿನ ಬಿಡುತ್ತಾರೆ. ನೀರು ನಾಲೆ ಹಿಡಿದು ತುಮಕೂರಿನವರೆಗೆ ಹೋಗುತ್ತದೆ. ಹಾಸನದ ಈ ಮೂರನೇ ಮಹಡಿ ಹತ್ತುವುದಕ್ಕೆ ಮಾತ್ರ ಅದಕ್ಕೆ ಮಂಡಿನೋವು. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆದರೂ ಯಾವತ್ತು ಅಂತ ಮುಂಚೆಯೇ ಗೊತ್ತಿರುತ್ತದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಅರ್ಜೆಂಟ್ ಇದ್ದವರಿಗೆ ವಿಶೇಷ ದರ್ಶನದ ಟಿಕೆಟ್ ಕೂಡ ಇದೆ. ಈ ನಲ್ಲಿಗೆ ಪಂಚಾಂಗವೂ ಇಲ್ಲ, ಟಿಕೆಟ್ಟೂ ಇಲ್ಲ.

ಇರಲಿ. ‘ಹೊರಗಿನವರು’ ಅಂದರೆ ಯಾರು ಅಂತ ನೋಡೋಣ. ನಗರದ ಬಡವರ ಮನೆಗೆ ಕೇಂದ್ರದ ಆವಾಸ್ ಯೋಜನೆ 2015ರಲ್ಲಿ ಇಟ್ಟ ಅಳತೆ 30 ಚದರ ಮೀಟರ್. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಹತ್ತಿರಹತ್ತಿರ ಮೂರೂಕಾಲು ಚದರ. ಚಿಕ್ಕದಾಯಿತು ಅಂತ ಯಾರೂ ಗೊಣಗಬಾರದು. ಯಾಕೆಂದರೆ ಆ ಯೋಜನೆ ಪ್ರಕಾರ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಷ್ಟೇ. ಅತ್ತೆ ಪಟ್ಟಿಯಲ್ಲಿಲ್ಲ. ಎಷ್ಟೋ ಸೊಸೆಯರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ದೆಹಲಿಯವರು ಮಾರ್ಗಸೂಚಿಯಲ್ಲಿ ಅಚ್ಚು ಹಾಕಿಸಿದ್ದಾರೆ. ಮನೆ ಹೆಂಗಸಿನ ಹೆಸರಲ್ಲಿ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು ಅಂತಲೂ ಇದೆ. ಅದು ಒಳ್ಳೆಯ ನಿಯಮ, ಅದನ್ನು ತಮಾಷೆ ಮಾಡಲ್ಲ. ಆದರೆ ಆ ಪಟ್ಟಿ ಮತ್ತು ಈ ನೋಟಿಸು ಎರಡನ್ನೂ ಒಟ್ಟಿಗೆ ಇಟ್ಟು ಓದಿ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿರುವ ಅಜ್ಜಿ ಅಕ್ರಮ ವಾಸಿ.

ಅಜ್ಜಿಗಿಂತ ದೊಡ್ಡ ಅಪರಾಧಿ ಅವರ ಕೋಳಿ. ಹೋದ ಸಲ ಪರಿಶೀಲನೆಗೆ ಬಂದವರು ಬಚ್ಚಲ ಬಾಗಿಲು ತಳ್ಳಿದರಂತೆ. ಒಳಗೆ ಒಂದು ಬಕೆಟ್ಟು. ಪಕ್ಕದಲ್ಲಿ ಕವುಚಿ ಹಾಕಿದ ಮಂಕರಿ. ಮಂಕರಿ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಚೂರು. ಮಂಕರಿ ‘ಕೊಕ್’ ಅಂದಿತು.

‘ಏನಜ್ಜಿ, ಕೋಳಿ ಸಾಕಿದ್ದೀರಾ?’

‘ಸಾಕಿಲ್ಲ ಸ್ವಾಮಿ. ಹಬ್ಬಕ್ಕೆ ತಂದಿರೋದು.’

‘ಯಾವ ಹಬ್ಬ?’

‘ಮಾರಿಹಬ್ಬ.’

‘ಮಾರಿಹಬ್ಬ ಹೋದ ತಿಂಗಳೇ ಆಯ್ತಲ್ಲಜ್ಜಿ?’

‘ಬರೋ ವರ್ಷದ್ದು ಸ್ವಾಮಿ. ಆಗ ರೇಟು ಜಾಸ್ತಿ ಆಗೋಗಿರುತ್ತೆ.’

ಬಂದವರು ನಗುತ್ತಲೇ ಬರೆದುಕೊಂಡರು: ಕೋಳಿ, ಒಂದು. ಅಷ್ಟರಲ್ಲಿ ಮೇಲಿನ ಮನೆಯ ಪೈಪಿನಿಂದ ತೊಟ್ಟಿಕ್ಕುತ್ತಿದ್ದ ಹೊಲಸು ನೀರು ಅವರ ಹೆಗಲ ಮೇಲೇ ಬಿತ್ತು. ಅದನ್ನು ಒರೆಸಿಕೊಂಡರು. ಬರೆದುಕೊಳ್ಳಲಿಲ್ಲ.

ಪೈಪಿನ ಮಾತು ತೆಗೆದರೆ ಉತ್ತರ ರೆಡಿ ಇರುತ್ತದೆ. ‘ಮನೆ ನಿಮ್ಮದಮ್ಮ, ನೀವೇ ಮಾಡಿಸ್ಕೋಬೇಕು.’ ಹಾಗಾದರೆ ಹಕ್ಕುಪತ್ರ ಕೊಡಿ ಸ್ವಾಮಿ ಅಂದರೆ, ‘ಅದಿನ್ನೂ ಮೇಲಿಂದ ಬಂದಿಲ್ಲ, ಸದ್ಯಕ್ಕೆ ಸರ್ಕಾರದ್ದೇ.’ ಸೋರುವಾಗ ಸ್ವಂತ ಮನೆ, ಬಾಡಿಗೆಗೆ ಕೊಡುವಾಗ ಸರ್ಕಾರದ ಮನೆ. ಗೋಡೆ ಬಿರುಕು ಬಿಟ್ಟರೆ ನೀವು ಓನರ್ರು, ಅದೇ ಗೋಡೆಗೆ ಮೊಳೆ ಹೊಡೆದರೆ ಬಾಡಿಗೆದಾರರು. ಹಾಸನದ ಖಾಸಗಿ ಓನರ್‌ಗಳು ಎಷ್ಟೇ ಜಿಪುಣರಾದರೂ ಇಂಥ ಉಪಾಯ ಅವರಿಗೆ ಹೊಳೆದಿಲ್ಲ. ಪಾಪ, ಅವರು ನಾನ್‌ವೆಜ್ ಮಾಡಬೇಡಿ ಅಂತಾರೆ, ರಾತ್ರಿ ಹತ್ತಕ್ಕೆ ಗೇಟು ಹಾಕ್ತಾರೆ, ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ದುಡ್ಡು ಹಿಡ್ಕೋತಾರೆ. ಅಲ್ಲಿಗೆ ಅವರ ಕಲ್ಪನೆ ಮುಗಿಯಿತು.

ಬಾಡಿಗೆ ಅಂದಾಗ ನೆನಪಾಯಿತು. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಒಂದಿದೆ. ಓದಲು ಬಹಳ ಚೆನ್ನಾಗಿದೆ. ಸುಮ್ಮನೆ ಎಬ್ಬಿಸುವಂತಿಲ್ಲ, ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ, ರಸೀದಿ ಕೊಡಬೇಕು. ಆದರೆ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಸರ್ಕಾರದ ಕಟ್ಟಡಗಳಿಗೂ ಇಲ್ಲ. ಇವತ್ತು 2000 ರೂಪಾಯಿಗೆ ಹಾಸನದಲ್ಲಿ ಬೈಕು ಮಲಗಿಸಲು ಜಾಗ ಸಿಕ್ಕಿದರೆ ಪುಣ್ಯ. ಹಾಗಾಗಿ ಕಾಯ್ದೆ ಇದೆ, ಅದಕ್ಕೆ ಮನೆ ಸಿಕ್ಕಿಲ್ಲ. ಅದೂ ನಮ್ಮ ಹಾಗೇ ಹುಡುಕುತ್ತಿದೆ.

ಅಮೆರಿಕದಲ್ಲಿ ಬೇರೆ ಪದ್ಧತಿ. ಅಲ್ಲಿ ಸರ್ಕಾರದ ನೆರವಿನ ಮನೆಯಲ್ಲಿದ್ದರೆ ಬಾಡಿಗೆ ನಿಮ್ಮ ಆದಾಯ ನೋಡಿಕೊಂಡು ನಿಗದಿ ಆಗುತ್ತದೆ. ಹೆಚ್ಚುಕಡಿಮೆ ನೂರಕ್ಕೆ 30. ಮೊದಲು 1969ರಲ್ಲಿ ನೂರಕ್ಕೆ 25 ಅಂತ ಮಿತಿ ಹಾಕಿದ್ದರು, 1981ರಲ್ಲಿ ಅದನ್ನು 30 ಮಾಡಿದರು. ಸಂಬಳ ಏರಿದರೆ ಹೋಗಿ ತಾವಾಗಿಯೇ ಹೇಳಬೇಕು. ಇದನ್ನು ಕೇಳಿದಾಗ ನನಗೆ ಆಸೆ ಹುಟ್ಟಿತು. ನಮ್ಮಲ್ಲೂ ತಂದರೆ ಹೇಗೆ? ನಾಡಕಚೇರಿಯ ಆದಾಯ ಪ್ರಮಾಣಪತ್ರ ಹೇಗೂ ಇದೆ. ಬೇಲೂರು ರಸ್ತೆಯಲ್ಲಿ ಎರಡಂತಸ್ತು ಕಟ್ಟಿಸಿ, ಆಲೂರಿನ ಕಡೆ ತೋಟ ಇಟ್ಟುಕೊಂಡ ಮನುಷ್ಯನ ವರ್ಷದ ಆದಾಯ ಅದರಲ್ಲಿ 12,000 ರೂಪಾಯಿ. ತಿಂಗಳಿಗೆ ಸಾವಿರ. ನೂರಕ್ಕೆ 30 ಅಂದರೆ ಅವನ ಬಾಡಿಗೆ 300 ರೂಪಾಯಿ. ಅವನ ಕಾರು ತೊಳೆಯುವ ಹುಡುಗನಿಗೆ ಬ್ಯಾಂಕ್ ಖಾತೆಗೆ ಸಂಬಳ ಬೀಳುತ್ತದೆ, ತಿಂಗಳಿಗೆ 10,000. ಹುಡುಗ 3000 ಕಟ್ಟಬೇಕು. ಬೇಡ ಬಿಡಿ, ಅಮೆರಿಕದ್ದು ಅಮೆರಿಕದಲ್ಲೇ ಇರಲಿ.

ಸರ್ಕಾರಕ್ಕೆ ಬಾಡಿಗೆ ಅಂದರೆ ಅಲರ್ಜಿ ಅಂತಲೂ ತಿಳಿಯಬೇಡಿ. 2020ರಲ್ಲಿ ಕೂಲಿಯವರು ಮೂಟೆ ಹೊತ್ತು ಹೆದ್ದಾರಿ ಮೇಲೆ ನಡೆದು ಹೋದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತಲ್ಲ, ಆಗ ಕೇಂದ್ರಕ್ಕೆ ಒಂದು ವಿಷಯ ನೆನಪಾಯಿತು. ಹಳೆಯ ಯೋಜನೆಗಳಲ್ಲಿ ಬಡವರಿಗೆ ಕಟ್ಟಿದ ಮನೆಗಳು ದೇಶದಲ್ಲಿ ಲಕ್ಷದ ಮೇಲೆ ಖಾಲಿ ಬಿದ್ದಿವೆ. ಯಾಕೆ ಖಾಲಿ ಅಂತ ಯಾರೂ ಕೇಳಲಿಲ್ಲ. ಅವನ್ನೇ ಕೂಲಿಯವರಿಗೆ ಬಾಡಿಗೆಗೆ ಕೊಡೋಣ ಅಂದರು. ಎರಡು ವರ್ಷಕ್ಕೊಮ್ಮೆ ನೂರಕ್ಕೆ 8 ಏರಿಸಬಹುದು, ಐದು ವರ್ಷದಲ್ಲಿ ಒಟ್ಟು ನೂರಕ್ಕೆ 20 ದಾಟಬಾರದು ಅಂತ ನಿಯಮವೂ ಆಯಿತು. ನೋಡಿ, ಊರಾಚೆಯ ಮನೆಯನ್ನು ಸರ್ಕಾರ ಕೂಲಿಯವನಿಗೆ ಬಾಡಿಗೆಗೆ ಕೊಟ್ಟರೆ ಯೋಜನೆ. ಅದನ್ನೇ ಮೂರನೇ ಮಹಡಿಯ ಅಕ್ಕ ಮಾಡಿದರೆ ಹಂಚಿಕೆ ರದ್ದು.

ಆ ಅಕ್ಕನ ಲೆಕ್ಕ ಹೇಳುತ್ತೇನೆ. ಸಾಲಗಾಮೆ ರಸ್ತೆಯ ಮನೆಗಳಲ್ಲಿ ಪಾತ್ರೆ, ಕಸ ಮುಸುರೆ ಅವಳ ಕೆಲಸ. ಬೆಳಿಗ್ಗೆ ಆರೂವರೆಗೆ ಮೊದಲ ಮನೆಯ ಬಾಗಿಲಲ್ಲಿ ಇರಬೇಕು. ಏಳು ಗಂಟೆಗೆ ಅವರ ಮಗು ಸ್ಕೂಲ್ ಬಸ್ ಹತ್ತುತ್ತದೆ. ಅವಳಿಗೆ ಸಿಕ್ಕ ಮನೆ ಊರಿನಿಂದ ಆಚೆ, ಮೊದಲ ಬಸ್ಸು ಬರುವುದೇ ಏಳೂವರೆಗೆ. 2023ರಿಂದ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಟಿಕೆಟ್ ಹತ್ತಿಕೊಂಡು ಹೋಗಲು ಬರುತ್ತದಾ? ಬಸ್ಸು ಬೇಕು. ಆಟೋಗೆ ಕೊಟ್ಟರೆ ಒಂದು ಮನೆಯ ಸಂಬಳ ಅಲ್ಲಿಗೇ ಮುಗಿಯಿತು. ಅದಕ್ಕೆ ಅವಳು ತನ್ನ ಮನೆಯನ್ನು 2500ಕ್ಕೆ ಬಾಡಿಗೆಗೆ ಬಿಟ್ಟು, ಕೆಲಸದ ಹತ್ತಿರ ಶೀಟಿನ ಒಂದು ರೂಮಿಗೆ 3500 ಕೊಡುತ್ತಾಳೆ. ತಿಂಗಳಿಗೆ ಸಾವಿರ ಕೈಯಿಂದ ಹಾಕಿ ಸರ್ಕಾರಕ್ಕೆ ಮೋಸ ಮಾಡುತ್ತಿದ್ದಾಳೆ.

ಇಲ್ಲಿ ನನಗೆ ತಮಾಷೆ ಮಾಡಲು ಆಗುತ್ತಿಲ್ಲ. ಎಲ್ಲಿ ಜಾಗ ಅಗ್ಗವೋ ಅಲ್ಲಿ ಕಟ್ಟುತ್ತೀರಿ. ಬಸ್ಸು ಬಿಡುವುದಿಲ್ಲ. ಶಾಲೆ ಇಲ್ಲ, ಆಸ್ಪತ್ರೆ ಇಲ್ಲ, ಪಡಿತರ ತರಲು ಮತ್ತೆ ಹಳೆಯ ಬೀದಿಗೇ ಬರಬೇಕು. ವಂತಿಕೆ ಕಟ್ಟಿ ಅಂದಿರಿ, ಬಡ್ಡಿಗೆ ತಂದು ಕಟ್ಟಿದಳು. ಅಷ್ಟಾದ ಮೇಲೆ ‘ನೀವು ವಾಸ ಯಾಕಿಲ್ಲ’ ಅಂತ ನೋಟಿಸ್ ಕೊಡುತ್ತೀರಿ. ವಾಸ ಮಾಡಲು ಆಗುವ ಹಾಗೆ ಇಟ್ಟಿದ್ದರೆ ವಾಸ ಮಾಡುತ್ತಿದ್ದಳು ಕಣ್ರೀ. ಅದನ್ನು ಕೇಳಲು ಸಮೀಕ್ಷೆ ಬೇಕಾ?

ನಿಜವಾದ ಕಳ್ಳರು ಇಲ್ಲ ಅಂತಲ್ಲ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು ಅನ್ನುವುದು ಯೋಜನೆಯ ನಿಯಮ. ಆದರೂ ಊರಲ್ಲಿ ಎರಡು ಮನೆ ಇದ್ದು, ಹೆಂಡತಿ ಹೆಸರಲ್ಲೊಂದು, ಭಾಮೈದನ ಹೆಸರಲ್ಲೊಂದು ಹೊಡೆದುಕೊಂಡು, ಎರಡನ್ನೂ ಭೋಗ್ಯಕ್ಕೆ ಹಾಕಿದವರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮನೆ ಬಾಗಿಲು ತಟ್ಟುವಾಗ ಪರಿಶೀಲನೆಯವರ ಕೈ ಯಾಕೋ ನೋಯುತ್ತದೆ. ತಟ್ಟಿದರೂ ಒಳಗಿಂದ ಕಾಫಿ ಬರುತ್ತದೆ, ಆಮೇಲೆ ಒಂದು ಫೋನ್ ಬರುತ್ತದೆ.

ಹೊಸ ಸಮೀಕ್ಷೆ ಇದೆ ಅಂತ ಗೊತ್ತಾದ ದಿನದಿಂದ ಆ ಬಡಾವಣೆಯಲ್ಲಿ ಬಂಧುಬಳಗ ಬೆಳೆದಿದೆ. ಬಾಡಿಗೆದಾರರೆಲ್ಲ ನೆಂಟರಾಗಿದ್ದಾರೆ. ಭಾವಂದಿರು, ಷಡ್ಡಕರು, ನಾದಿನಿಯ ಮೈದುನರು. ಇಷ್ಟು ದೊಡ್ಡ ಕೂಡುಕುಟುಂಬ ಇತ್ತೀಚೆಗೆ ಮಲೆನಾಡಿನಲ್ಲೂ ಸಿಗಲ್ಲ. ನಮ್ಮ ಅಕ್ಕನಿಗೆ ಮಾತ್ರ ಸ್ವಲ್ಪ ಕಷ್ಟವಾಯಿತು. ಅವಳ ಮನೆಯಲ್ಲಿರುವ ಹುಡುಗ ಅಸ್ಸಾಮಿನವನು.

‘ಇವನ್ಯಾರಮ್ಮ?’

‘ನಮ್ ಚಿಕ್ಕಪ್ಪನ ಮಗ ಸ್ವಾಮಿ.’

‘ಆಧಾರಲ್ಲಿ ಅಸ್ಸಾಂ ಅಂತಿದೆ?’

‘ಚಿಕ್ಕಪ್ಪ ದುಡಿಯೋಕೆ ಆ ಕಡೆ ಹೋಗಿದ್ರು.’

‘ಒಂದು ಮಾತೂ ಕನ್ನಡ ಆಡ್ತಿಲ್ಲ?’

‘ನಾಚಿಕೆ ಸ್ವಾಮಿ. ಅವನು ಮೊದಲಿಂದ್ಲೂ ಹಂಗೇ.’

ಆ ಹುಡುಗ ಮೊದಲು ಬಂದದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ. ಅಲ್ಲಿ ಲೈನ್ ಮನೆಯಲ್ಲಿದ್ದ. ಲೈನ್ ಮನೆ ಅಂದರೆ ನಮ್ಮ ಕಡೆಯ ಮೊದಲ ಸಮುದಾಯ ವಸತಿ, ಒಂದೇ ಗೋಡೆಗೆ ಸಾಲಾಗಿ ಅಂಟಿಕೊಂಡ ಕೋಣೆಗಳು. ಕೆಲಸಗಾರರಿಗೆ ತೋಟದ ಮಾಲೀಕರೇ ಮನೆ ಕೊಡಬೇಕು, ಸುಸ್ಥಿತಿಯಲ್ಲೂ ಇಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಮೂವತ್ತು ವರ್ಷ ಕಳೆದು, 1981ರಲ್ಲಿ, ಅದಕ್ಕೊಂದು ತಿದ್ದುಪಡಿ ಸೇರಿಸಿದರು. ಮನೆ ಕುಸಿದು ಕೆಲಸಗಾರ ಸತ್ತರೆ ಮಾಲೀಕ ಪರಿಹಾರ ಕೊಡಬೇಕು ಅಂತ ಅದರಲ್ಲಿತ್ತು. ಆದರೆ ಕುಸಿದದ್ದು ಪೂರ್ತಿಯಾಗಿ ವಾಸವಿದ್ದವನ ತಪ್ಪಿನಿಂದಲೇ ಆಗಿದ್ದರೆ ಇಲ್ಲ. ಗೋಡೆ ಮೈಮೇಲೆ ಬಿದ್ದಾಗಲೂ ಒಳಗಿದ್ದವನನ್ನು ಒಂದು ಮಾತು ವಿಚಾರಿಸಬೇಕು ಅನ್ನುವ ಈ ಬುದ್ಧಿ ಇವತ್ತಿನ ನೋಟಿಸಿನವರಿಗೆ ಎಲ್ಲಿಂದ ಬಂತು ಅಂತ ನಾನು ಯೋಚಿಸುತ್ತಿದ್ದೆ. ಮನೆತನದ್ದೇ.

ಈಗ ಮೋಟರಿನ ಕಥೆ. ನೀರು ಮೇಲೇರಲು ಒಂದು ಮೋಟರ್ ಇದೆ, ಅದಕ್ಕೆ ಬೇರೆ ಮೀಟರ್ ಇದೆ. ಮನೆಮನೆಯ ಮೀಟರಿಗೆ ಗೃಹಜ್ಯೋತಿ ಉಂಟು, 200 ಯೂನಿಟ್‌ವರೆಗೆ. ಮೋಟರಿಗೆ ಮನೆಯಿಲ್ಲ, ಹಾಗಾಗಿ ಜ್ಯೋತಿಯೂ ಇಲ್ಲ. ಅದರ ಬಿಲ್ಲು ಯಾರೂ ಕಟ್ಟಲಿಲ್ಲ, ಕರೆಂಟು ಕಿತ್ತರು. ನಿವಾಸಿಗಳು ಸಂಘ ಮಾಡಿಕೊಂಡು ತಿಂಗಳು ತಿಂಗಳು ದುಡ್ಡು ಎತ್ತಿ ಕಟ್ಟಬೇಕು ಅಂತಲೂ ನೋಟಿಸಿನಲ್ಲಿದೆ. ಸರಿ, ಹೋದ ಭಾನುವಾರ ತಾರಸಿ ಮೇಲೆ ಸಭೆ ಸೇರಿದರು. ಅಧ್ಯಕ್ಷರಾಗಲು ನಾಲ್ಕು ಜನ ಎದ್ದರು. ಖಜಾಂಚಿ ಆಗಲು ಒಬ್ಬರೂ ಇಲ್ಲ. ‘ದುಡ್ಡು ಕೇಳೋಕೆ ಹೋದ್ರೆ ಬೈಸ್ಕೋಬೇಕು, ನಮಗ್ಯಾಕೆ’ ಅಂತ ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

ಕೊನೆಗೆ ಅಜ್ಜಿಯೇ ಕೈ ತೋರಿಸಿದ್ದು. ಅಸ್ಸಾಮಿನ ಹುಡುಗ. ಬಾಡಿಗೆ ಒಂದನೇ ತಾರೀಖಿಗೆ ಕೊಡುತ್ತಾನೆ. ಮೋಟರ್ ದುಡ್ಡು ಕೇಳುವ ಮುಂಚೆ ಕೊಡುತ್ತಾನೆ. ಅಜ್ಜಿಯ ಬಚ್ಚಲ ಪೈಪಿಗೆ ಸಿಮೆಂಟು ಮೆತ್ತಿದವನೂ ಅವನೇ. ಎಲ್ಲರೂ ಹೂಂ ಅಂದರು, ನಡಾವಳಿ ಪುಸ್ತಕದಲ್ಲಿ ಬರೆಯಲು ಪೆನ್ನು ತೆಗೆದರು.

ಆಗ ಒಬ್ಬರಿಗೆ ಹೊಳೆಯಿತು. ಅವನ ಹೆಸರು ಬರೆಯುವ ಹಾಗಿಲ್ಲ. ಕಾಗದದ ಪ್ರಕಾರ ಅವನು ಆ ಕಟ್ಟಡದಲ್ಲಿ ಇಲ್ಲವೇ ಇಲ್ಲ. ಖಜಾಂಚಿ ಜಾಗದಲ್ಲಿ ‘ಚಿಕ್ಕಪ್ಪನ ಮಗ’ ಅಂತ ಬರೆದು ಸಹಿ ಹಾಕಿದ್ದಾರೆ.