ಧ್ಯಾನ ಮಾತ್ರೆಯ ಜಾಗಕ್ಕೆ ಬರುವುದಿಲ್ಲ

ನಿನ್ನೆ ಸಂಜೆಯಿಂದ ಮೈ ಉರಿಯುತ್ತಿದೆ. ಬರೆಯದೆ ಒಳಗೇ ಇಟ್ಟುಕೊಂಡರೆ ರಾತ್ರಿ ನಿದ್ದೆ ಕೆಡುತ್ತದೆ. ನನಗೆ ಬೈಪೋಲಾರ್ ಇದೆ, ಮನಸ್ಸು ಕೆಲವು ಕಾಲ ವಿಪರೀತ ಏರಿ ಕೆಲವು ಕಾಲ ಪೂರ್ತಿ ಕುಸಿಯುವ ಕಾಯಿಲೆ. ನನಗೆ ನಿದ್ದೆ ಕೆಡುವುದು ಅಂದರೆ ಏನು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತು. ಅದಕ್ಕೇ ಹಗಲು ಹೊತ್ತಲ್ಲೇ ಕೂತು ಬರೆಯುತ್ತಿದ್ದೇನೆ.

ಧ್ಯಾನದ ಬಗ್ಗೆ ಒಂದು ಉಪನ್ಯಾಸ ಇತ್ತು. ಖುಷಿಯಿಂದಲೇ ಹೋಗಿದ್ದೆ. ಮಾತಾಡಿದವರು ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬ ತಾಯಿ ಎದ್ದು ನಿಂತರು. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಮಗ ತಲೆ ತಗ್ಗಿಸಿ ಕೂತಿದ್ದ. "ಸರ್, ಇವನಿಗೆ ಬೈಪೋಲಾರ್ ಅಂತ ಹೇಳಿದ್ದಾರೆ. ಲಿಥಿಯಂ ತಗೋತಿದ್ದಾನೆ. ಧ್ಯಾನ ಮಾಡಬಹುದಾ?" ಅಂತ ಕೇಳಿದರು. ಲಿಥಿಯಂ ಅಂದರೆ ಆ ಏರಿಳಿತವನ್ನು ಹತೋಟಿಯಲ್ಲಿಡುವ ಮಾತ್ರೆ. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ಬಂದ ಉತ್ತರ ಇದು: "ಧಾರಾಳವಾಗಿ ಮಾಡಲಿ ಅಮ್ಮ. ಮೂರು ತಿಂಗಳು ಶ್ರದ್ಧೆಯಿಂದ ಕೂತರೆ ಮಾತ್ರೆ ಎಲ್ಲ ತಾನಾಗೇ ಬಿಟ್ಟುಹೋಗುತ್ತೆ. ನಿದ್ದೆ ಕಮ್ಮಿಯಾದರೆ ಹೆದರಬೇಡಿ, ಸಾಧನೆ ಮುಂದಕ್ಕೆ ಹೋಗ್ತಿದೆ ಅಂತ ಅರ್ಥ."

ಚಪ್ಪಾಳೆ ಬಿತ್ತು. ಆ ಹುಡುಗ ತಲೆ ಎತ್ತಿದ. ಅವನ ಮುಖದಲ್ಲಿ ಒಂದು ಆಸೆ ಮೂಡಿತಲ್ಲ, ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು. ಹೊರಗೆ ತಾಯಿ ಸಿಕ್ಕಾಗ "ಡಾಕ್ಟರನ್ನು ಕೇಳದೆ ಒಂದೇ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ ಅಮ್ಮ" ಅಂದೆ. ತಲೆಯಾಡಿಸಿದರು. ಆದರೆ ನಾನು ದಾರಿಯಲ್ಲಿ ಸಿಕ್ಕಿದವ. ಅವರು ವೇದಿಕೆ ಮೇಲಿದ್ದವರು.

ನಾನು ಧ್ಯಾನ ಬೇಡ ಅನ್ನುವವನಲ್ಲ. ಧ್ಯಾನ ಮಾಡುತ್ತೇನೆ, ಲಿಥಿಯಂ ನುಂಗುತ್ತೇನೆ. ಎರಡೂ ಇರುವುದರಿಂದ ಇವತ್ತು ಕೆಲಸಕ್ಕೆ ಹೋಗಿ ಬಂದು ಮನೆಯಲ್ಲಿ ಮನುಷ್ಯನ ಹಾಗೆ ಇದ್ದೇನೆ. ಒಂದನ್ನು ತೋರಿಸಿ ಇನ್ನೊಂದನ್ನು ಬಿಡಿಸುವವರನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಆ ನಿದ್ದೆಯ ಮಾತನ್ನೇ ನೋಡಿ. ಬೈಪೋಲಾರ್ ಇರುವವರಿಗೆ ನಿದ್ದೆಯ ಅಗತ್ಯವೇ ಕಮ್ಮಿಯಾಯಿತು ಅಂದರೆ ಅದು ಮೇನಿಯಾ, ಅಂದರೆ ಮನಸ್ಸು ಹತೋಟಿ ಮೀರಿ ಏರುವ ಹಂತ, ಶುರುವಾಗುತ್ತಿರುವುದರ ಗುರುತು. ಮೂರು ಗಂಟೆ ಮಲಗಿ ಎದ್ದರೂ ಮೈ ಹಗುರ, ತಲೆ ಚುರುಕು, ಯಾರ ಮೇಲೂ ಬೇಸರ ಇಲ್ಲ. ಎಲ್ಲದಕ್ಕೂ ಒಂದಕ್ಕೊಂದು ಸಂಬಂಧ ಇದೆ ಅನ್ನಿಸುತ್ತದೆ. ಎದುರಿಗೆ ಬಂದ ಬಸ್ಸಿನ ನಂಬರಿಗೂ ಅರ್ಥ ಇದೆ ಅನ್ನಿಸುತ್ತದೆ. ಆ ಭಾಷಣಕಾರರು ಸಾಧನೆ ಅಂತ ಯಾವುದನ್ನು ಬಣ್ಣಿಸಿದರೋ ಅದೇ ಇದು. ಆ ಹುಡುಗ ನಾಳೆ ಮೇನಿಯಾಗೆ ಏರತೊಡಗಿದರೆ ತಾನು ಕಾಯಿಲೆ ಬೀಳುತ್ತಿದ್ದೇನೆ ಅಂದುಕೊಳ್ಳುವುದಿಲ್ಲ, ಗುರುಗಳು ಹೇಳಿದ ಹಾಗೇ ಆಗುತ್ತಿದೆ ಅಂದುಕೊಳ್ಳುತ್ತಾನೆ. ತಾಯಿಯೂ ಸುಮ್ನೆ ನೋಡುತ್ತಾ ಇರುತ್ತಾರೆ, ಹೆದರಬೇಡಿ ಅಂದಿದ್ದಾರಲ್ಲ. ಒಂದು ವಾರ ಇದು ದಿನದ ಬಹುಪಾಲು ಹೊತ್ತು ಹೀಗೇ ನಡೆದರೆ ವೈದ್ಯರು ಅದನ್ನು ಮೇನಿಯಾ ಅನ್ನುತ್ತಾರೆ. ಮೊದಲ ಎರಡು ದಿನದಲ್ಲಿ ಹಿಡಿಯಬಹುದಾಗಿದ್ದು ಹತ್ತನೇ ದಿನಕ್ಕೆ ಆಸ್ಪತ್ರೆಗೆ ಸೇರಿಸುವ ಮಟ್ಟಕ್ಕೆ ಹೋಗಿರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು, ಹೇಳುವುದು ಸುಲಭ ಅಲ್ಲ. ಆ ಏರು ನನಗೆ ಈಗಲೂ ಬೇಕು ಅನ್ನಿಸುತ್ತದೆ. ಅದರ ನೆನಪು ಹೋಗಿಲ್ಲ. ಎಲ್ಲ ಸಪ್ಪೆ ಅನ್ನಿಸುವ ದಿನಗಳಲ್ಲಿ ಆ ಬೆಳಕು ಒಂದು ಗಂಟೆ ಬಂದು ಹೋಗಬಾರದಾ ಅಂತ ಆಸೆಯಾಗುತ್ತದೆ. ಯಾರಾದರೂ ದೊಡ್ಡವರು ಬಂದು "ಅದು ಕಾಯಿಲೆ ಅಲ್ಲ, ಅದೇ ನಿಜವಾದ ನೀನು" ಅಂದರೆ ನಂಬಲು ನನ್ನೊಳಗೆ ಒಬ್ಬ ಕಾದು ಕೂತಿದ್ದಾನೆ. ಆ ಹುಡುಗ ತಲೆ ಎತ್ತಿದ್ದು ಯಾಕೆ ಅಂತ ಆ ಸಭೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ಇಷ್ಟು ಸಂಕಟ ಅದಕ್ಕೇ.

ಹಾಗಾದರೆ ಧ್ಯಾನದಿಂದ ನಿನಗೇನು ಸಿಗುತ್ತದೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ಬೆಳಗ್ಗೆ ಕುರ್ಚಿಯಲ್ಲಿ ಕೂರುತ್ತೇನೆ, ಪಾದ ನೆಲಕ್ಕೆ ಊರಿ. ಮೊಣಕಾಲ ಮೇಲಿಟ್ಟ ಬೆರಳುಗಳು ಸಣ್ಣಗೆ ನಡುಗುತ್ತಿರುತ್ತವೆ. ಅದು ಲಿಥಿಯಂ ಕೊಡುವ ನಡುಕ. ಅದನ್ನೇ ಗಮನಿಸುತ್ತಾ ಕೂರುತ್ತೇನೆ, ಉಸಿರಿನ ಹಿಂದೆ ಹೋಗುವುದಕ್ಕಿಂತ ನನಗೆ ಅದು ಸಲೀಸು. ಸ್ವಲ್ಪ ಹೊತ್ತಿಗೆ ಆವತ್ತು ತಲೆಯ ಓಟ ಎಷ್ಟಿದೆ ಅಂತ ತಿಳಿಯುತ್ತದೆ. ಸಾಮಾನ್ಯ ದಿನ ಒಂದು ಯೋಚನೆ ಮುಗಿದು ಇನ್ನೊಂದು ಬರುತ್ತದೆ. ಏರುತ್ತಿರುವ ದಿನ ಒಂದು ಅರ್ಧದಲ್ಲಿರುವಾಗಲೇ ಮೂರು ಹೊಸದು ಮೇಲೆ ಬಿದ್ದಿರುತ್ತವೆ. ಮೂರೂ ಅದ್ಭುತ ಅನ್ನಿಸುತ್ತವೆ. ಈಗಲೇ ಯಾರಿಗಾದರೂ ಹೇಳಬೇಕು ಅಂತ ಕೈ ಫೋನಿನ ಕಡೆ ಹೊರಡುತ್ತದೆ. ಆ ಕೈ ಹೊರಟಿದ್ದು ನನ್ನ ಕಣ್ಣಿಗೆ ಬಿದ್ದರೆ ಸಾಕು, ಆವತ್ತಿನ ಧ್ಯಾನ ಫಲ ಕೊಟ್ಟ ಹಾಗೆ. ಎದ್ದು ಹೋಗಿ ಹೆಂಡತಿಗೆ ಹೇಳುತ್ತೇನೆ, "ಇವತ್ತು ಸ್ವಲ್ಪ ಸ್ಪೀಡ್ ಇದೆ ಕಣೆ." ಅವಳು ಕೇಳುವುದು ಒಂದೇ ಪ್ರಶ್ನೆ, "ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?" ಮಾರನೇ ದಿನವೂ ಹಾಗೇ ಇದ್ದರೆ ಡಾಕ್ಟರಿಗೆ ಫೋನ್ ಹೋಗುತ್ತದೆ.

ಏರುತ್ತಿರುವ ದಿನಗಳಲ್ಲಿ ನಾನು ಜಾಸ್ತಿ ಹೊತ್ತು ಕೂರುವುದಿಲ್ಲ. ಹೊತ್ತಿಕೊಂಡ ಒಲೆಗೆ ಊದುಗೊಳವೆ ಹಿಡಿದ ಹಾಗಾಗುತ್ತದೆ. ಐದು ನಿಮಿಷ, ಕಣ್ಣು ತೆರೆದು, ಅಷ್ಟೇ. ಕುಸಿದ ದಿನಗಳಲ್ಲಿ ಕೂರುವುದೇ ಇಲ್ಲ. ಕಣ್ಣು ಮುಚ್ಚಿದರೆ ನೀನು ಯಾತಕ್ಕೂ ಬಾರದವನು ಅನ್ನುವ ಮಾತೇ ಸುತ್ತಿ ಸುತ್ತಿ ಬರುತ್ತದೆ. ಆಗ ನಿಧಾನಕ್ಕೆ ನಡೆಯುತ್ತೇನೆ, ಹಿಮ್ಮಡಿ ನೆಲಕ್ಕೆ ತಾಗುವುದನ್ನು ಗಮನಿಸುತ್ತಾ. ಕೆಲವು ದಿನ ಅದೂ ಆಗುವುದಿಲ್ಲ. ಆಗ ಮಾತ್ರೆ ನುಂಗಿ ಮಲಗಿಬಿಡುತ್ತೇನೆ. ಧ್ಯಾನ ತಪ್ಪಿತಲ್ಲ ಅಂತ ಕೊರಗುವುದಿಲ್ಲ.

ಇದು ನನ್ನೊಬ್ಬನ ಅನುಭವ ಅಂತ ತಳ್ಳಿಹಾಕಬೇಡಿ. ಡಿಪ್ರೆಶನ್ ಮರುಕಳಿಸದ ಹಾಗೆ ಮಾಡಲು ಈ ಕ್ಷಣವನ್ನೇ ಗಮನಿಸುತ್ತಾ ಕೂರುವ ಧ್ಯಾನ ಕಲಿಸುವ, ಎಂಟು ವಾರದ ಒಂದು ಮೈಂಡ್‌ಫುಲ್‌ನೆಸ್ ತರಬೇತಿ ಇದೆ, ಎಂಬಿಸಿಟಿ ಅನ್ನುತ್ತಾರೆ. ಪದೇ ಪದೇ ಡಿಪ್ರೆಶನ್‌ಗೆ ಬೀಳುವವರಿಗೆ ಅದು ನಿಜವಾಗಿಯೂ ಸಹಾಯ ಮಾಡಿದೆ. ಅದನ್ನೇ ಬೈಪೋಲಾರ್ ಇರುವ 95 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಈ ತರಬೇತಿ, ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಮೇನಿಯಾ ಆಗಲಿ ಡಿಪ್ರೆಶನ್ ಆಗಲಿ ಮತ್ತೆ ಬರುವುದನ್ನು ಈ ತರಬೇತಿ ತಡೆಯಲಿಲ್ಲ. ಆತಂಕ ಸ್ವಲ್ಪ ಕಮ್ಮಿಯಾದ ಸೂಚನೆ ಮಾತ್ರ ಸಿಕ್ಕಿತು. ನನಗೆ ಇದರಿಂದ ನಿರಾಸೆ ಆಗಲಿಲ್ಲ. ಆತಂಕ ಕಮ್ಮಿಯಾಗುವುದು ಸಣ್ಣ ವಿಷಯ ಅಲ್ಲ, ಅದನ್ನು ಅನುಭವಿಸಿದವರಿಗೆ ಗೊತ್ತು. ಆದರೆ ಮಾತ್ರೆ ತೆಗೆದುಕೊಳ್ಳುತ್ತಾ ಧ್ಯಾನ ಮಾಡಿದವರಿಗೇ ಇಷ್ಟು ಸಿಕ್ಕಿದ್ದು. ಮಾತ್ರೆ ತಾನಾಗೇ ಬಿಟ್ಟುಹೋಗುತ್ತೆ ಅನ್ನುವವರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಈಗ ಕೆಲವರು ಹೇಳುತ್ತಾರೆ, ಮಾತ್ರೆಗೆ ಸೈಡ್ ಎಫೆಕ್ಟ್ ಇಲ್ವಾ ಅಂತ. ಇದೆ. ಬೆರಳು ನಡುಗುತ್ತದೆ, ಬಾಯಾರಿಕೆ ತೀರುವುದೇ ಇಲ್ಲ, ಥೈರಾಯ್ಡ್ ಮತ್ತು ಕಿಡ್ನಿಯ ಮೇಲೆ ಕಣ್ಣಿಟ್ಟಿರಬೇಕು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದರೆ ವಿಷ. ಅದಕ್ಕೇ ಆಗಾಗ ಲೆವೆಲ್ ಟೆಸ್ಟ್ ಮಾಡಿಸುತ್ತಾರೆ. 1949ರಲ್ಲಿ ಜಾನ್ ಕೇಡ್ ಅನ್ನುವ ಆಸ್ಟ್ರೇಲಿಯಾದ ವೈದ್ಯರು ಮೇನಿಯಾಗೆ ಲಿಥಿಯಂ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಅಲ್ಲಿಂದ ಇಲ್ಲಿಯವರೆಗೆ ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಅಳೆಯುತ್ತಲೇ ಬಂದಿದ್ದಾರೆ. ಅದು ಆತ್ಮಹತ್ಯೆಯ ಅಪಾಯ ಕಮ್ಮಿ ಮಾಡುತ್ತದೆ ಅಂತಲೂ ಗೊತ್ತಾಗಿದೆ. ನನ್ನ ಬೆರಳ ನಡುಕವನ್ನು ನಾನು ಅದರ ಎದುರಿಗೆ ಇಟ್ಟು ತೂಗುತ್ತೇನೆ.

ಧ್ಯಾನಕ್ಕೆ ಸೈಡ್ ಎಫೆಕ್ಟ್ ಇಲ್ಲ ಅನ್ನುವುದಂತೂ ಸುಳ್ಳು. ಧ್ಯಾನದ ನಂತರ ಮೇನಿಯಾ ಕಾಣಿಸಿಕೊಂಡವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳಿವೆ. 2017ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನಿಗಳನ್ನೂ ಕಲಿಸುವವರನ್ನೂ ಮಾತಾಡಿಸಿ ಬರೆದ ಅಧ್ಯಯನದಲ್ಲಿ ಭಯ, ನಿದ್ದೆಗೇಡು, ಭ್ರಮೆ, ತಾನೇ ಇಲ್ಲವೇನೋ ಅನ್ನಿಸುವುದು, ಇವೆಲ್ಲ ಇವೆ. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಆದರೆ ಬೆಳಗಿನ ಜಾವಕ್ಕೆ ಎಬ್ಬಿಸಿ, ದಿನಕ್ಕೆ ಹತ್ತು ಗಂಟೆ ಮಾತಿಲ್ಲದೆ ಕೂರಿಸುವ ಶಿಬಿರಕ್ಕೆ ನಮ್ಮಂಥವರನ್ನು ಕಳಿಸುವ ಮುಂಚೆ ಯಾರಾದರೂ ಇದನ್ನು ಹೇಳಬೇಕಲ್ವಾ? ನಮಗೆ ಒಂದು ರಾತ್ರಿಯ ನಿದ್ದೆ ಹೋದರೂ ಅದು ಏರಿಕೆಗೆ ಬಾಗಿಲು ತೆರೆಯಬಹುದು.

ಇನ್ನೊಂದು ಮಾತು ಬರುತ್ತದೆ, "ನಮ್ಮ ಪರಿಚಯದವರು ಮಾತ್ರೆ ಬಿಟ್ಟು ಧ್ಯಾನದಲ್ಲೇ ಸರಿಹೋದರು." ಎಷ್ಟು ದಿನ ಆಯಿತು ಅಂತ ಮೊದಲು ಕೇಳಿ. ಬೈಪೋಲಾರ್ ಬಂದು ಹೋಗುವ ಕಾಯಿಲೆ. ಎರಡು ಎಪಿಸೋಡುಗಳ ನಡುವೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಇರುವುದಿಲ್ಲ. ಆ ಅವಧಿಯಲ್ಲಿ ನೀವು ಧ್ಯಾನ ಮಾಡಿ, ಗಿಡಕ್ಕೆ ನೀರು ಹಾಕಿ, ಏನೇ ಮಾಡಿ, ಅದರಿಂದಲೇ ಗುಣವಾಯಿತು ಅನ್ನಿಸುತ್ತದೆ. ಮತ್ತೆ ಬಂದಾಗ ಹೊಗಳಿಕೆ ತೆಗೆದುಕೊಂಡವರು ಎದುರಿಗೆ ಇರುವುದಿಲ್ಲ. "ಸರಿಯಾಗಿ ಸಾಧನೆ ಮಾಡಿಲ್ಲ" ಅಂತ ಕಾಯಿಲೆ ಬಿದ್ದವನ ತಲೆಗೇ ಕಟ್ಟುತ್ತಾರೆ. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಮೇನಿಯಾ ಬೇಗ ಮರಳುವ ಅಪಾಯ ಜಾಸ್ತಿ. ನಿಲ್ಲಿಸಲೇಬೇಕಾದರೆ ಅದಕ್ಕೆ ನಿಧಾನದ ಕ್ರಮ ಇದೆ, ಅದನ್ನು ಮಾಡುವುದು ವೈದ್ಯರ ಕಣ್ಗಾವಲಿನಲ್ಲಿ.

ಧ್ಯಾನ ಕಲಿಸುವವರು ನನ್ನ ಸ್ನೇಹಿತರ ಪೈಕಿಯೂ ಇದ್ದೀರಿ. ನಿಮ್ಮ ಮೇಲೆ ನನಗೆ ಗೌರವ ಇದೆ, ನನಗೆ ಕೂರಲು ಕಲಿಸಿದವರೂ ನಿಮ್ಮಂಥವರೇ. ಆದ್ದರಿಂದ ನೇರವಾಗಿ ಕೇಳುತ್ತಿದ್ದೇನೆ. ಮೊದಲ ದಿನವೇ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ: ಯಾವತ್ತಾದರೂ ಮೇನಿಯಾ ಬಂದಿತ್ತಾ, ಈಗ ಏನು ಮಾತ್ರೆ ತಗೋತೀರಿ, ನಿದ್ದೆ ಹೇಗಿದೆ. ಹತ್ತು ಜನರ ಎದುರಿಗೆ ಕೇಳಿದರೆ ಯಾರೂ ಹೇಳುವುದಿಲ್ಲ. ನಿದ್ದೆ ಕಮ್ಮಿಯಾಗಿದೆ, ಭಾರೀ ಆನಂದ ಆಗುತ್ತಿದೆ ಅಂತ ಅಂಥವರು ಬಂದು ಹೇಳಿದರೆ ಹೊಗಳಬೇಡಿ. ಆವತ್ತಿಗೆ ಧ್ಯಾನ ನಿಲ್ಲಿಸಿ, ಅವರ ಮನೆಯವರಿಗೆ ತಿಳಿಸಿ, ಡಾಕ್ಟರ ಹತ್ತಿರ ಕಳಿಸಿ.

ಯಾರದೋ ಮಾತು ಕೇಳಿ ಈಗಾಗಲೇ ಮಾತ್ರೆ ನಿಲ್ಲಿಸಿರುವವರು ಇದನ್ನು ಓದುತ್ತಿದ್ದರೆ, ಗಾಬರಿಯಾಗಿ ಹಳೇ ಡೋಸನ್ನೇ ನೀವಾಗಿ ಶುರು ಮಾಡಬೇಡಿ. ಲ್ಯಾಮೋಟ್ರಿಜಿನ್ ಥರದ ಮಾತ್ರೆ ಕೆಲವು ದಿನ ತಪ್ಪಿದರೆ ಮತ್ತೆ ಸಣ್ಣ ಡೋಸಿನಿಂದಲೇ ಏರಿಸಬೇಕಾಗುತ್ತದೆ, ಇಲ್ಲದಿದ್ದರೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ದಿನದಿಂದ ಬಿಟ್ಟಿದ್ದೀರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಬೈದರೆ ಬೈಯಲಿ.

ಹೇಗೆ ಕೂರುವುದು, ಯಾವ ದಿನ ಕೂರಬಾರದು ಅಂತ ಕೇಳಬೇಕು ಅನ್ನಿಸಿದವರು ಇನ್‌ಬಾಕ್ಸ್‌ಗೆ ಬನ್ನಿ, ಗೊತ್ತಿದ್ದಷ್ಟು ಹೇಳುತ್ತೇನೆ. ರಾತ್ರಿ ಹತ್ತರ ಮೇಲೆ ಉತ್ತರ ಬರುವುದಿಲ್ಲ, ನಾನು ಮಲಗಿರುತ್ತೇನೆ.